ಓದುಗರ ಪ್ರಶ್ನೆ, ಪರಿಸರ ಉತ್ತರ: ಎತ್ತಿದ ಕಸ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಬಡಾವಣೆಯ ನಲವತ್ತು ಜನ ಸೇರಿ ಒಂದು ಭಾನುವಾರ ಕೆರೆದಂಡೆ ಸ್ವಚ್ಛ ಮಾಡೋಣ ಅಂದುಕೊಂಡಿದ್ದೇವೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಕೊನೆಯಿಂದ. ಎತ್ತಿದ ಕಸ ಅದೇ ದಿನ ಯಾವ ಗಾಡಿಯಲ್ಲಿ, ಯಾರ ಹೊಣೆಯಲ್ಲಿ, ಎಲ್ಲಿಗೆ ಹೋಗುತ್ತದೆ ಅನ್ನುವುದು ಗಟ್ಟಿಯಾಗುವವರೆಗೂ ದಿನಾಂಕ ಪ್ರಕಟಿಸಬೇಡಿ. ದಂಡೆಯಲ್ಲಿ ಸಾಲಾಗಿ ಇಟ್ಟು ಹೋದ ಚೀಲಗಳನ್ನು ರಾತ್ರಿ ನಾಯಿಗಳು ಹರಿಯುತ್ತವೆ, ಗಾಳಿ ಎಳೆದಾಡುತ್ತದೆ. ಎರಡು ದಿನದಲ್ಲಿ ಅರ್ಧ ಕಸ ಮತ್ತೆ ನೀರಿನಲ್ಲಿ. ಊರಿನ ಕಸ ವಿಲೇವಾರಿ ನೋಡಿಕೊಳ್ಳುವ ಕಚೇರಿಗೆ ಮೊದಲೇ ಬರೆದು, ಗಾಡಿ ಬರುವ ಹೊತ್ತನ್ನು ಬರಹದಲ್ಲೇ ಪಡೆದುಕೊಳ್ಳಿ.

ಒಂದು ವಾರ ಮೊದಲು ಇಬ್ಬರು ಹೋಗಿ ಜಾಗ ನೋಡಿ ಬನ್ನಿ. ಕೆಸರು ಎಷ್ಟು ಆಳ, ಜಾರುವ ಕಡೆ ಯಾವುದು, ಹಕ್ಕಿಗಳು ಗೂಡು ಕಟ್ಟಿವೆಯೇ ಎಂದು ಗಮನಿಸಿ. ಗೂಡು ಇದ್ದರೆ ಆ ಭಾಗವನ್ನು ಬಿಟ್ಟುಬಿಡಿ. ನಲವತ್ತು ಜನರನ್ನು ಐದೈದರಂತೆ ಎಂಟು ತಂಡ ಮಾಡಿ: ಮೂವರು ಎತ್ತಲಿ, ಒಬ್ಬರು ಚೀಲ ಹಿಡಿಯಲಿ, ಒಬ್ಬರು ಬರೆದುಕೊಳ್ಳಲಿ. ಎರಡು ಗಂಟೆ ಸಾಕು. ಆಮೇಲೆ ದಣಿವಿನಿಂದ ಕಣ್ಣು ಮಂಜಾಗುತ್ತದೆ, ಗಾಜು ಕೈ ಕೊಯ್ಯುವುದು ಆಗಲೇ.

ತೆಳು ರಬ್ಬರ್ ಕೈಗವಸು ಗಾಜನ್ನೂ ಸೂಜಿಯನ್ನೂ ತಡೆಯುವುದಿಲ್ಲ. ದಪ್ಪ ಕೆಲಸದ ಕೈಗವಸು, ಮುಚ್ಚಿದ ಬೂಟು, ಉದ್ದ ಪ್ಯಾಂಟು ಇರಲಿ. ಚೀಲ ಗೋಣಿಯದೋ ದಪ್ಪ ನೇಯ್ಗೆಯದೋ ಆಗಿರಲಿ, ಮೂರರಲ್ಲಿ ಎರಡು ಪಾಲಷ್ಟೇ ತುಂಬಿ. ಬಾಯಿಮಟ್ಟ ತುಂಬಿದ ಒದ್ದೆ ಚೀಲ ಎತ್ತುವಾಗ ಸೊಂಟ ಹಿಡಿಯುತ್ತದೆ, ಇಲ್ಲವೇ ಚೀಲದ ತಳ ಕಿತ್ತುಹೋಗುತ್ತದೆ. ಚೀಲವನ್ನು ಕಾಲಿಗೆ ತಾಗಿಸಿಕೊಂಡು ಎಳೆಯಬೇಡಿ, ಒಳಗಿನ ಗಾಜು ಹೊರಗೆ ಚುಚ್ಚುತ್ತದೆ.

ಸಿರಿಂಜ್ ಸಿಕ್ಕರೆ ಸೂಜಿಯನ್ನು ಡಬ್ಬಿಯ ಬಳಿಗೆ ಒಯ್ಯಬಾರದು, ಡಬ್ಬಿಯನ್ನು ಸೂಜಿಯ ಬಳಿಗೆ ತರಬೇಕು. ತಿರುಗುಮುಚ್ಚಳದ ದಪ್ಪ ಪ್ಲಾಸ್ಟಿಕ್ ಡಬ್ಬಿಯನ್ನು ನೆಲದ ಮೇಲಿಡಿ, ಕೈಯಲ್ಲಿ ಹಿಡಿಯಬೇಡಿ. ಇಕ್ಕಳದಿಂದ ಸೂಜಿಯ ತುದಿ ಕೆಳಗಾಗುವಂತೆ ಒಳಗೆ ಬಿಡಿ. ಸೂಜಿಗೆ ಟೋಪಿ ಹಾಕಲು ಹೋಗಲೇಬೇಡಿ. ಯಾರಿಗಾದರೂ ಚುಚ್ಚಿದರೆ ಗಾಯ ಹಿಂಡದೆ, ಹರಿಯುವ ನೀರು ಮತ್ತು ಸೋಪಿನಿಂದ ತೊಳೆದು ತಕ್ಷಣ ವೈದ್ಯರಲ್ಲಿಗೆ ಕರೆದೊಯ್ಯಿರಿ, ನಾಳೆ ನೋಡೋಣ ಅನ್ನಬೇಡಿ. ಹೆಸರಿಲ್ಲದ ರಾಸಾಯನಿಕದ ಕ್ಯಾನು, ಊದಿಕೊಂಡ ಬ್ಯಾಟರಿ, ಮುರಿದ ಆಸ್ಬೆಸ್ಟಾಸ್ ಶೀಟು, ಸತ್ತ ಪ್ರಾಣಿ, ಇವನ್ನು ಮುಟ್ಟುವುದು ಬೇಡ. ಸುತ್ತ ನಾಲ್ಕು ಕಡ್ಡಿ ನೆಟ್ಟು, ಫೋಟೋ ತೆಗೆದು, ಕಚೇರಿಗೆ ತಿಳಿಸಿ. ತರಗೆಲೆ, ತೇಲಿಬಂದ ಮರದ ತುಂಡು ಕಸವಲ್ಲ. ಹುಮ್ಮಸ್ಸಿನಲ್ಲಿ ಅದನ್ನೂ ಗುಡಿಸಿಬಿಟ್ಟರೆ ದಂಡೆಯ ಮಣ್ಣು ಬೆತ್ತಲಾಗುತ್ತದೆ.

‘ಇಷ್ಟು ಕಿಲೋ ಕಸ ತೆಗೆದೆವು’ ಎಂಬ ಲೆಕ್ಕಕ್ಕೆ ನಾವು ಹೆಚ್ಚು ಬೆಲೆ ಕೊಡುವುದಿಲ್ಲ. ಒದ್ದೆ ಬಟ್ಟೆಯ ಒಂದು ಗಂಟು ಸಾವಿರ ತೆಳು ಪೊಟ್ಟಣಗಳಿಗಿಂತ ಭಾರ ಇರಬಹುದು. ಎಣಿಸಿ: ಬಾಟಲಿ ಎಷ್ಟು, ಮುಚ್ಚಳ ಎಷ್ಟು, ಸಿಗರೇಟು ತುಂಡು ಎಷ್ಟು. (ಸಿಗರೇಟಿನ ಫಿಲ್ಟರ್ ಹತ್ತಿಯಲ್ಲ, ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್.) 1986ರಲ್ಲಿ ಅಮೆರಿಕದ ಟೆಕ್ಸಾಸ್ ಕರಾವಳಿಯಲ್ಲಿ ಶುರುವಾಗಿ ಮುಂದೆ ಅಂತರರಾಷ್ಟ್ರೀಯವಾದ ಕಡಲತೀರ ಸ್ವಚ್ಛತಾ ಕಾರ್ಯಕ್ರಮ ಮೊದಲಿನಿಂದಲೂ ಹೀಗೆ ಬಗೆಬಗೆಯಾಗಿ ಎಣಿಸಿ ಬರೆದಿಡುತ್ತ ಬಂದಿದೆ. ನಿಮ್ಮ ಪಟ್ಟಿಯಲ್ಲಿ ಮುಕ್ಕಾಲು ಪಾಲು ಒಂದೇ ಮೋರಿಯ ಬಾಯಿಯಲ್ಲಿ ಸಿಕ್ಕಿದ್ದರೆ, ಅಲ್ಲೊಂದು ಜಾಲರಿ ಹಾಕಿಸುವುದು ಇನ್ನೊಂದು ಭಾನುವಾರಕ್ಕಿಂತ ದೊಡ್ಡ ಕೆಲಸ. ಮೂರು ತಿಂಗಳು ಬಿಟ್ಟು ಅದೇ ನೂರು ಮೀಟರ್ ಜಾಗದಲ್ಲಿ ಮತ್ತೆ ಎಣಿಸಿದರೆ ಜಾಲರಿ ಕೆಲಸ ಮಾಡಿತೇ ಇಲ್ಲವೇ ತಿಳಿಯುತ್ತದೆ.

ಪ್ರಶ್ನೆ: ಪರಿಸರದ ಬಗ್ಗೆ ಇನ್ನೂರು ಜನರ ಸಭೆ ಇಟ್ಟುಕೊಂಡಿದ್ದೇವೆ. ಕಾಗದದ ಲೋಟ, ಕಾಗದದ ತಟ್ಟೆ ತರಿಸಿದರೆ ಸಾಕಲ್ಲವೇ?

ಉತ್ತರ: ಸಾಲದು. ಸಾಮಾನ್ಯ ಕಾಗದದ ಲೋಟದ ಒಳಮೈಗೆ ತೆಳು ಪಾಲಿಥೀನ್ ಪದರ ಅಂಟಿಸಿರುತ್ತಾರೆ, ಅದಿಲ್ಲದಿದ್ದರೆ ಲೋಟದಲ್ಲಿ ನೀರು ನಿಲ್ಲುವುದೇ ಇಲ್ಲ. ಗೊಬ್ಬರದ ಗುಂಡಿಗೂ ಹಳೇ ಪೇಪರ್ ರಾಶಿಗೂ ಅದು ಹೊಂದುವುದಿಲ್ಲ. ಸ್ಟೀಲಿನ ತಟ್ಟೆ, ಲೋಟ ಬಾಡಿಗೆಗೋ ಎರವಲಿಗೋ ತನ್ನಿ. ತೊಳೆಯಲು ಸಾಲಾಗಿ ಮೂರು ತೊಟ್ಟಿ ಇಡಿ: ಮೊದಲನೆಯದರಲ್ಲಿ ಸೋಪಿನ ನೀರು, ಎರಡನೆಯದರಲ್ಲಿ ಬರೀ ನೀರು, ಮೂರನೆಯದರಲ್ಲಿ ಸೋಂಕು ಕಳೆಯುವ ನೀರು. ಶೇ. 5ರ, ಸುಗಂಧ ಬೆರೆಸದ ಮನೆಬಳಕೆಯ ಬ್ಲೀಚ್ ಆದರೆ ಲೀಟರಿಗೆ 1 ಮಿಲಿ ಸಾಕು. ಒಂದು ನಿಮಿಷ ಮುಳುಗಿಸಿ, ತೆಗೆದು, ಬಟ್ಟೆಯಿಂದ ಒರೆಸದೆ ಗಾಳಿಗೆ ಒಣಗಲು ಬಿಡಿ. ತೊಟ್ಟಿಗಿಂತ ಮೊದಲು ಉಳಿದದ್ದನ್ನು ಬಳಿದು ಹಾಕಲು ಒಂದು ಬಕೆಟ್ ಇಡದಿದ್ದರೆ ಮೊದಲ ತೊಟ್ಟಿ ಹತ್ತೇ ನಿಮಿಷದಲ್ಲಿ ಸಾರಾಗಿಬಿಡುತ್ತದೆ.

ಕಸದ ಡಬ್ಬಿಗಳು ಒಂಟಿಯಾಗಿ ಎಲ್ಲೂ ಇರಕೂಡದು. ಹಸಿ, ಒಣ, ಉಳಿದದ್ದು, ಮೂರೂ ಒಟ್ಟಿಗೆ, ಪಕ್ಕದಲ್ಲೊಬ್ಬ ಕಾರ್ಯಕರ್ತ. ಮುಚ್ಚಳದ ತೂತು ಬೇರೆ ಬೇರೆ ಆಕಾರದಲ್ಲಿದ್ದರೆ, ಬಾಟಲಿಗೆ ದುಂಡು, ಕಾಗದಕ್ಕೆ ಸೀಳು, ಕೈ ತಾನಾಗಿ ಸರಿದಾರಿ ಹಿಡಿಯುತ್ತದೆ. ಬ್ಯಾನರ್ ಮಾಡಿಸುವುದೇ ಆದರೆ ಬಟ್ಟೆಯದ್ದಾಗಿರಲಿ, ಅದರಲ್ಲಿ ವರ್ಷ ಹಾಕಬೇಡಿ. ಮುಂದಿನ ವರ್ಷವೂ ಕಟ್ಟಬಹುದು.

ಪ್ರಶ್ನೆ: ಮನೆಯ ಗೊಬ್ಬರದ ಡಬ್ಬಿ ಗಬ್ಬು ನಾರುತ್ತಿದೆ, ಹುಳ ಬೇರೆ ಆಗಿವೆ. ಅಕ್ಕಪಕ್ಕದವರು ದೂರುತ್ತಿದ್ದಾರೆ.

ಉತ್ತರ: ಮೊದಲು ಎಂಥ ವಾಸನೆ ಅಂತ ನೋಡಿ. ಮೂಗಿಗೆ ಚುಚ್ಚುವ ಅಮೋನಿಯಾ ವಾಸನೆ ಆದರೆ ಸಾರಜನಕ ಹೆಚ್ಚಾಗಿದೆ, ಅಂದರೆ ಹಸಿ ಕಸ ಜಾಸ್ತಿ, ಒಣಗಿದ್ದು ಕಡಿಮೆ. ಕೊಳೆತ ಮೊಟ್ಟೆಯ ವಾಸನೆ ಆದರೆ ಗಾಳಿ ಇಲ್ಲ, ನೀರು ನಿಂತಿದೆ. ಹೆಚ್ಚಿನ ಮನೆಗಳಲ್ಲಿ ಎರಡೂ ಒಟ್ಟಿಗೇ ಇರುತ್ತವೆ, ಮದ್ದೂ ಒಂದೇ. ಪೂರ್ತಿ ಹೊರಗೆ ಸುರಿದು, ಹರವಿ, ಅಳತೆಯಲ್ಲಿ ಎರಡರಷ್ಟು ಒಣ ತರಗೆಲೆ, ಮರದ ಹೊಟ್ಟು ಅಥವಾ ಚೂರು ಮಾಡಿದ ರಟ್ಟು ಬೆರೆಸಿ ಮತ್ತೆ ತುಂಬಿ. ಅಮೋನಿಯಾ ವಾಸನೆಗೆ ಸುಣ್ಣ ಹಾಕುವವರಿದ್ದಾರೆ. ಅದು ತಪ್ಪು. ಸುಣ್ಣ ಕ್ಷಾರ ಹೆಚ್ಚಿಸಿ ಉಳಿದ ಸಾರಜನಕವನ್ನೂ ಗಾಳಿಗೆ ಓಡಿಸುತ್ತದೆ, ನಾತ ಇಮ್ಮಡಿಯಾಗುತ್ತದೆ.

ಮುಂದಕ್ಕೆ ಲೆಕ್ಕ ಇಷ್ಟೇ: ಒಂದು ಬೋಗುಣಿ ಹಸಿ ಕಸಕ್ಕೆ ಎರಡು ಬೋಗುಣಿ ಒಣ ಕಸ, ಪ್ರತಿ ಸಲವೂ ಮೇಲ್ಪದರ ಒಣದ್ದೇ. ಸೂಕ್ಷ್ಮಜೀವಿಗಳಿಗೆ ಇಂಗಾಲ ಮತ್ತು ಸಾರಜನಕ ಸುಮಾರು 30ಕ್ಕೆ 1ರಂತೆ ಬೇಕು. ಅಡುಗೆಮನೆಯ ಕಸದಲ್ಲಿ ಇಂಗಾಲ ಅದಕ್ಕಿಂತ ಕಡಿಮೆ, ತರಗೆಲೆಯಲ್ಲಿ ಹೆಚ್ಚು, ಹಾಗಾಗಿ ಈ ಅಳತೆ. ಕಸವನ್ನು ಮೂರ್ನಾಲ್ಕು ಸೆಂಟಿಮೀಟರ್ ತುಂಡು ಮಾಡಿ ಹಾಕಿ, ರುಬ್ಬಬೇಡಿ, ರುಬ್ಬಿದ್ದು ಅಂಟಾಗಿ ಗಾಳಿ ಕಟ್ಟುತ್ತದೆ. ವಾರಕ್ಕೆರಡು ಸಲ ಬುಡದಿಂದ ತಿರುವಿ. ತೇವ ನೋಡಲು ಒಂದು ಹಿಡಿ ತೆಗೆದು ಹಿಂಡಿ: ಬೆರಳ ಸಂದಿನಲ್ಲಿ ಒಂದೆರಡು ಹನಿ ಕಂಡರೆ ಸರಿ, ಧಾರೆ ಇಳಿದರೆ ಒದ್ದೆ ಹೆಚ್ಚು, ಮುದ್ದೆಯೇ ಆಗದಿದ್ದರೆ ನೀರು ಚಿಮುಕಿಸಿ. ಡಬ್ಬಿಗೆ ಬದಿಯಲ್ಲೂ ತಳದಲ್ಲೂ ತೂತಿರಬೇಕು. ಎರಡು ಇಟ್ಟಿಗೆಯ ಮೇಲಿಟ್ಟು ಕೆಳಗೊಂದು ತಟ್ಟೆ ಇಡಿ.

ಹುಳಗಳ ವಿಷಯ. ದಪ್ಪಗೆ, ಕಂದು ಬಣ್ಣಕ್ಕೆ, ಗಟ್ಟಿ ಮೈಯಿದ್ದರೆ ಅವು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಗಳಾಗಿರಬಹುದು. ಕಸವನ್ನು ಗಬಗಬನೆ ತಿಂದು ಮುಗಿಸುತ್ತವೆ, ಆ ನೊಣ ಮನೆಯ ಆಹಾರದ ಮೇಲೆ ಮುತ್ತುವ ಜಾತಿಯಲ್ಲ. ಬಿಳಿಯ ಸಣ್ಣ ಹುಳ ಆದರೆ ಮನೆನೊಣದ್ದಿರಬಹುದು. ಮಾಂಸ, ಹಾಲಿನ ಪದಾರ್ಥ, ಎಣ್ಣೆ ಪದಾರ್ಥ ಹಾಕುವುದು ನಿಲ್ಲಿಸಿ, ಮೇಲೆ ಐದು ಸೆಂಟಿಮೀಟರ್ ಒಣ ಪದರ ಹೊದಿಸಿದರೆ ಕಡಿಮೆಯಾಗುತ್ತವೆ.

ಮನೆಯ ಡಬ್ಬಿ ಚಿಕ್ಕದು, ಕಾವು ಹಿಡಿದಿಡುವುದಿಲ್ಲ. ರೋಗಾಣು, ಕಳೆಬೀಜ ಸಾಯಲು 55 ಡಿಗ್ರಿ ಸೆಲ್ಸಿಯಸ್ ಕಾವು ಕೆಲವು ದಿನ ನಿಲ್ಲಬೇಕು, ಅದಕ್ಕೆ ಒಂದು ಘನ ಮೀಟರ್‌ನಷ್ಟಾದರೂ ರಾಶಿ ಬೇಕು. ಆದ್ದರಿಂದ ರೋಗ ಬಂದ ಗಿಡ, ಬೀಜ ಕಟ್ಟಿದ ಕಳೆ, ಸಾಕುಪ್ರಾಣಿಯ ಹಿಕ್ಕೆ ಮನೆಯ ಡಬ್ಬಿಗೆ ಬೇಡ. ಮಾಗಿದೆಯೇ ಎಂದು ತಿಳಿಯಲು ಒದ್ದೆ ಮಾಡಿದ ಒಂದು ಹಿಡಿ ಗೊಬ್ಬರವನ್ನು ಕವರಿನಲ್ಲಿ ಕಟ್ಟಿ ಮೂರು ದಿನ ಬಿಡಿ. ಬಿಚ್ಚಿದಾಗ ಮಳೆಯ ಮಣ್ಣಿನ ವಾಸನೆ ಬಂದರೆ ಮಾಗಿದೆ, ಹುಳಿ ವಾಸನೆ ಬಂದರೆ ಇನ್ನೂ ಕಾಯಿರಿ. ಮಾಗದ್ದನ್ನು ಕುಂಡಕ್ಕೆ ಹಾಕಿದರೆ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಕಸಿದುಕೊಂಡು ಎಲೆ ಹಳದಿಯಾಗುತ್ತದೆ. ಮಾಗಿದ್ದನ್ನೂ ಮೂರು ಪಾಲು ಮಣ್ಣಿಗೆ ಒಂದು ಪಾಲಿನಂತೆ ಬೆರೆಸಿಯೇ ಹಾಕಿ.

ಪ್ರಶ್ನೆ: ಪ್ರತಿ ವರ್ಷ ಜೂನ್ 5ಕ್ಕೆ ನೂರು ಸಸಿ ನೆಡುತ್ತೇವೆ, ಮರುವರ್ಷ ಹತ್ತೂ ಉಳಿದಿರುವುದಿಲ್ಲ.

ಉತ್ತರ: ಗಿಡಕ್ಕೆ ದಿನಾಂಕ ಗೊತ್ತಿಲ್ಲ. 1972ರಲ್ಲಿ ವಿಶ್ವಸಂಸ್ಥೆ ಗೊತ್ತುಮಾಡಿ 1973ರಿಂದ ಆಚರಿಸುತ್ತ ಬಂದ ವಿಶ್ವ ಪರಿಸರ ದಿನ ಎಲ್ಲ ನೆಲದಲ್ಲೂ ಮಳೆಯ ದಿನವಲ್ಲ. ಮಳೆ ಹಿಡಿದು ಮಣ್ಣು ಒಂದು ಮೊಳ ಒದ್ದೆಯಾದ ಮೇಲೆ ನೆಡಿ. ಆ ದಿನ ಕಾರ್ಯಕ್ರಮ ಬೇಕೇ ಬೇಕಾದರೆ ಹೋದ ವರ್ಷದ ಗಿಡಗಳ ಪಾತಿ ಸರಿಮಾಡಿ.

ಇನ್ನು ನೀರಿನ ಲೆಕ್ಕ. ಮಳೆಯಿಲ್ಲದ ದಿನಗಳಲ್ಲಿ ಒಂದು ಸಸಿಗೆ ವಾರಕ್ಕೆ ಸುಮಾರು 15 ಲೀಟರ್ ಹಿಡಿದರೂ ನೂರು ಸಸಿಗೆ 1,500 ಲೀಟರ್ ಆಯಿತು, ಅದೂ ಮೊದಲ ಎರಡು ವರ್ಷ. ಆ ನೀರನ್ನು ಯಾರು ಹೊರುತ್ತಾರೆ? ಉತ್ತರ ಇಲ್ಲದಿದ್ದರೆ ಇಪ್ಪತ್ತೇ ನೆಡಿ. ದಿನಾ ಚೊಂಬು ನೀರು ಹಾಕುವುದಕ್ಕಿಂತ ವಾರಕ್ಕೊಮ್ಮೆಯೋ ಎರಡು ಸಲವೋ ನಿಧಾನವಾಗಿ, ಆಳಕ್ಕಿಳಿಯುವಂತೆ ಹಾಕಿ. ಮೇಲಷ್ಟೇ ನೆನೆದರೆ ಬೇರೂ ಮೇಲೇ ಉಳಿದು ಮೊದಲ ಬಿಸಿಲಿಗೆ ಗಿಡ ಬಾಡುತ್ತದೆ.

ಗುಂಡಿಯ ಆಳ ಬೇರಿನ ಮುದ್ದೆಯಷ್ಟೇ, ಅಗಲ ಅದರ ಎರಡು ಮೂರು ಪಟ್ಟು. ತೀರಾ ಆಳ ಅಗೆದು ಸಡಿಲ ಮಣ್ಣು ತುಂಬಿದರೆ ಮಳೆಗೆ ಮಣ್ಣು ಕುಸಿದು ಕಾಂಡದ ಬುಡ ಹೂತು ಕೊಳೆಯುತ್ತದೆ. ಕವರು ತೆಗೆಯದೇ ನೆಡುವುದು ನಮ್ಮ ಲೆಕ್ಕದಲ್ಲಿ ಕ್ಷಮೆಯಿಲ್ಲದ ತಪ್ಪು. ತೆಗೆದ ಮೇಲೆ ಬೇರು ಸುರುಳಿ ಸುತ್ತಿದ್ದರೆ ಚಾಕುವಿನಿಂದ ಮೂರು ಕಡೆ ಉದ್ದಕ್ಕೆ ಗೀರಿ, ಇಲ್ಲವಾದರೆ ಬೇರು ಅದೇ ಸುತ್ತಿನಲ್ಲಿ ಬೆಳೆದು ವರ್ಷಗಳ ನಂತರ ಮರವನ್ನೇ ಬಿಗಿಯುತ್ತದೆ. ತರಗೆಲೆಯ ಹೊದಿಕೆ ಐದಾರು ಸೆಂಟಿಮೀಟರ್ ದಪ್ಪ ಇರಲಿ, ಕಾಂಡದಿಂದ ಒಂದು ಗೇಣು ದೂರ ಇರಲಿ. ಆಧಾರದ ಕೋಲನ್ನು ವರ್ಷ ಕಳೆದ ಮೇಲೆ ಕಿತ್ತುಬಿಡಿ, ಗಾಳಿಗೆ ಅಲ್ಲಾಡಿದರೇ ಕಾಂಡ ಗಟ್ಟಿಯಾಗುವುದು.

ಪ್ರಶ್ನೆ: ಹಳೇ ಸಾಮಾನು ಎಸೆಯುವ ಬದಲು ಎಲ್ಲ ಸೇರಿ ರಿಪೇರಿ ಮಾಡುವ ಒಂದು ದಿನ ಇಟ್ಟುಕೊಳ್ಳಬಹುದೇ?

ಉತ್ತರ: ಖಂಡಿತ. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಾರ್ಟಿನ್ ಪೋಸ್ಟ್‌ಮಾ ಎಂಬ ಮಹಿಳೆ ಶುರು ಮಾಡಿದ ರಿಪೇರಿ ಕೆಫೆಯ ಕ್ರಮವನ್ನೇ ಅನುಸರಿಸಿ: ಸಾಮಾನು ತಂದವರು ಬಿಟ್ಟು ಹೋಗುವಂತಿಲ್ಲ, ರಿಪೇರಿ ಮಾಡುವವರ ಪಕ್ಕ ಕೂರಬೇಕು. ತಲಾ ಒಂದೇ ಸಾಮಾನು, ಅದಕ್ಕೆ ಮುಕ್ಕಾಲು ಗಂಟೆ.

ಇಂಥ ಮೇಜಿಗೆ ಬರುವ ಸಾಮಾನ್ಯ ದೋಷಗಳು ಸರಳ: ಪ್ಲಗ್ ಹತ್ತಿರ ಮಡಚಿ ಮಡಚಿ ಒಳಗೇ ತುಂಡಾದ ವೈರು, ಹೋದ ಫ್ಯೂಸ್, ಸವೆದ ಸ್ವಿಚ್, ಧೂಳು ಕಟ್ಟಿದ ಫ್ಯಾನು. ಮೊದಲು ಕರೆಂಟಿನ ಸಂಪರ್ಕ ಪರೀಕ್ಷಿಸುವ ಮಲ್ಟಿಮೀಟರ್‌ನಿಂದ ವೈರನ್ನೇ ನೋಡಿ. ಬಿಸಿಯಾಗುವ ಉಪಕರಣಗಳಲ್ಲಿ ಥರ್ಮಲ್ ಫ್ಯೂಸ್ (ಕಾವು ಮಿತಿ ಮೀರಿದರೆ ಕರೆಂಟು ಕಡಿಯುವ ಫ್ಯೂಸ್) ಹೋಗಿದ್ದರೆ ಅದೇ ಡಿಗ್ರಿ, ಅದೇ ಆಂಪಿಯರ್‌ನದನ್ನೇ ಹಾಕಬೇಕು. ವೈರು ಸುತ್ತಿ ನೇರ ಸಂಪರ್ಕ ಕೊಟ್ಟರೆ ಬೆಂಕಿಗೆ ಬಾಗಿಲು ತೆರೆದಂತೆ. ಹೊಸ ಫ್ಯೂಸನ್ನು ಬೆಸುಗೆ ಹಾಕಿದರೆ ಆ ಕಾವಿಗೇ ಅದೂ ಹೋಗಿಬಿಡುತ್ತದೆ, ಕ್ರಿಂಪ್ ಮಾಡಿ, ಅಂದರೆ ಲೋಹದ ಪುಟ್ಟ ಕೊಳವೆಯಲ್ಲಿ ಸೇರಿಸಿ ಇಕ್ಕಳದಿಂದ ಒತ್ತಿ. ಮೈಕ್ರೋವೇವ್ ಒಲೆ ಮತ್ತು ಹಳೇ ಪಿಕ್ಚರ್ ಟ್ಯೂಬ್ ಟಿವಿಯನ್ನು ಬಾಗಿಲಲ್ಲೇ ಹಿಂದೆ ಕಳಿಸಿ, ಪ್ಲಗ್ ತೆಗೆದ ಮೇಲೂ ಅವುಗಳಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಊದಿದ ಲಿಥಿಯಂ ಬ್ಯಾಟರಿಯನ್ನೂ ಬಿಚ್ಚುವಂತಿಲ್ಲ.

ಪ್ರಶ್ನೆ: ಬಟ್ಟೆ ಚೀಲ ಹನ್ನೆರಡಿವೆ. ಒಳ್ಳೆಯದೇ ತಾನೆ?

ಉತ್ತರ: ಎರಡು ಸಾಕಿತ್ತು. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಒಂದೇ ಸಲ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲದೊಂದಿಗೆ ಹವಾಮಾನಕ್ಕೆ ಆಗುವ ಹಾನಿಯ ಮಟ್ಟಿಗೆ ಸಮವಾಗಲು ಹತ್ತಿ ಚೀಲವನ್ನು 131 ಸಲ ಬಳಸಬೇಕು. ಇನ್ನು ಉಡುಗೊರೆಯಾಗಿ ಬಂದರೂ ಬೇಡ ಅನ್ನಿ.

ಪ್ರಶ್ನೆ: ಮೊಬೈಲ್ ಚಾರ್ಜರನ್ನು ಪ್ಲಗ್‌ನಲ್ಲೇ ಬಿಟ್ಟರೆ ಎಷ್ಟು ಕರೆಂಟು ಹಾಳು?

ಉತ್ತರ: ಒಳ್ಳೆಯ ಹೊಸ ಚಾರ್ಜರ್ ಸುಮ್ಮನಿದ್ದಾಗ ಎಳೆಯುವುದು 0.1 ವ್ಯಾಟ್ ಆಸುಪಾಸು. ವರ್ಷವಿಡೀ ಬಿಟ್ಟರೂ ಒಂದು ಯೂನಿಟ್ ಮುಟ್ಟುವುದಿಲ್ಲ. 20 ಲೀಟರ್ ನೀರನ್ನು 20 ಡಿಗ್ರಿ ಬಿಸಿ ಮಾಡಲು ಮಾತ್ರ ಹತ್ತಿರ ಹತ್ತಿರ ಅರ್ಧ ಯೂನಿಟ್ ಬೇಕು. ಅಂದರೆ ಚಾರ್ಜರಿನ ಒಂದು ವರ್ಷ, ಎರಡು ಸ್ನಾನಕ್ಕೆ ಸಮ. ಗೀಸರಿನ ಥರ್ಮೋಸ್ಟಾಟನ್ನು 60 ಡಿಗ್ರಿಗಿಂತ ಮೇಲೆ ಇಟ್ಟಿದ್ದರೆ 60ಕ್ಕೆ ಇಳಿಸಿ, ಅದಕ್ಕಿಂತ ಕೆಳಗೆ ಬೇಡ. ಟ್ಯಾಂಕಿನಲ್ಲಿ ನಿಂತ ನೀರು ಅದಕ್ಕಿಂತ ತಣ್ಣಗಿದ್ದರೆ ಶ್ವಾಸಕೋಶದ ರೋಗ ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ. ಬಿಸಿನೀರಿನ ಪೈಪಿಗೆ ಫೋಮ್ ಕೊಳವೆ ಸುತ್ತಿಸಿ, ನಲ್ಲಿಯವರೆಗೆ ಬರುವಷ್ಟರಲ್ಲಿ ಆರುವ ಕಾವು ಉಳಿಯುತ್ತದೆ.