ಅಡಿಕೆ ಕೊನೆ ಕೊಯ್ಲಿಗೂ ಮುಂಚೆ ಒಂದು ಗಾಲ್ಫ್ ಟೂರ್

ಪ್ರಶ್ನೆ: ಧಾರವಾಡದಲ್ಲಿ ಒಟ್ಟಿಗೆ ಓದಿದ 8 ಜನ ಗೆಳೆಯರು ನಾವು. ಮೂವರು ಶಿರಸಿ ಕಡೆ ಅಡಿಕೆ ತೋಟ ಮಾಡಿಕೊಂಡಿದ್ದೇವೆ, ಮೂವರು ಕಾರವಾರ, ಕುಮಟಾದಲ್ಲಿ, ಇಬ್ಬರು ಬೆಂಗಳೂರಿನಲ್ಲಿ. ಬೆಂಗಳೂರಿನವರು ಗಾಲ್ಫ್ ಚೆನ್ನಾಗಿ ಆಡುತ್ತಾರೆ. ಅವರ ಹುಚ್ಚು ನಮಗೂ ಹಿಡಿದಿದೆ, ಆದರೆ ನಮ್ಮ ಚೆಂಡು ನೆಟ್ಟಗೆ ಹೋಗುವುದು ಅಪರೂಪ. ಇನ್ನು ಪ್ರತಿ ವರ್ಷ ಕಾರಿನಲ್ಲಿ ಗಾಲ್ಫ್ ಟೂರ್ ಹೋಗೋಣ ಅಂತ ವಾಟ್ಸಾಪ್ ಗ್ರೂಪ್ ಮಾಡಿ ತಿಂಗಳುಗಳಾದವು. ತಾರೀಖು ಗೊತ್ತಾಗಿಲ್ಲ, ಜಾಗ ಗೊತ್ತಾಗಿಲ್ಲ, ಊಟದ ಜಗಳ ಮಾತ್ರ ಆಗಲೇ ಶುರುವಾಗಿದೆ. ಏನು ಮಾಡೋಣ?
— ಎಸ್.ಎಚ್., ಶಿರಸಿ

ಉತ್ತರ: ಮೊದಲು ತಾರೀಖು. ಗ್ರೂಪಿನಲ್ಲಿ ಈಗ ಬರೀ ಕೋರ್ಸ್‌ಗಳ ಫೋಟೋ ಓಡಾಡುತ್ತಿರಬೇಕು, ಅದು ಆಮೇಲಿನ ಮಾತು. ಯಾವಾಗ ಆಗುತ್ತದೆ ಅಂತ 8 ಜನರನ್ನು ಕೇಳಿದರೆ 8 ಉತ್ತರ ಬರುತ್ತದೆ, ಅದೂ ಪ್ರತಿ ವರ್ಷ. ಕೇಳಲೇಬೇಡಿ. ಒಂದು ಲೆಕ್ಕ ಇಟ್ಟುಬಿಡಿ.

ನಿಮ್ಮ ಗುಂಪಿನಲ್ಲಿ ಆ ಲೆಕ್ಕ ತೋಟ ಹೇಳಿದ ಹಾಗೆ ನಡೆಯಬೇಕು. ಮಳೆಗಾಲದಲ್ಲಿ ಕರಾವಳಿಯ ಗಾಲ್ಫ್ ಮರೆತುಬಿಡಿ. ಡಿಸೆಂಬರ್, ಜನವರಿಯಲ್ಲಿ ಹವೆ ಚೆನ್ನಾಗಿರುತ್ತದೆ, ಆದರೆ ಆಗ ಅಡಿಕೆ ಗೊನೆ ಇಳಿಸುವ ಕೊನೆ ಕೊಯ್ಲು. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಬರುತ್ತೇನೆ ಅಂದ ದಿನ ನೀವು ಗಾಲ್ಫ್ ಆಡುತ್ತಿದ್ದರೆ ಅವನು ಮತ್ತೆ ಯಾವಾಗ ಸಿಗುತ್ತಾನೋ ದೇವರೇ ಬಲ್ಲ, ರಾಶಿ (ಬೇಯಿಸಿ ಒಣಗಿಸಿದ ಕೆಂಪಡಿಕೆ) ಮಾಡುವ ಮನೆಯಲ್ಲಂತೂ ಹಸಿ ಅಡಿಕೆ ಯಾರಿಗೂ ಕಾಯುವುದಿಲ್ಲ, ಸುಲಿದು ಬೇಯಿಸಲೇಬೇಕು. ಫೆಬ್ರವರಿ, ಮಾರ್ಚ್‌ಗೆ ತಳ್ಳಿದರೆ ವರ್ಷ ಬಿಟ್ಟು ವರ್ಷ ಮಾರಿಕಾಂಬಾ ಜಾತ್ರೆ, ಮನೆ ತುಂಬಾ ನೆಂಟರು. ಏಪ್ರಿಲ್, ಮೇ ಅಂದರೆ ಮದುವೆ, ಮುಂಜಿ, ಮೇಲಿಂದ ಸೆಕೆ. ಉಳಿಯುವುದು ದೀಪಾವಳಿ ಆದ ಮೇಲಿನ ಎರಡು ಮೂರು ವಾರ. ಗೋಪೂಜೆ ಮುಗಿದ ನಂತರದ ಎರಡನೇ ಗುರುವಾರ ಹೊರಡುವುದು, ಭಾನುವಾರ ರಾತ್ರಿ ಮನೆ ಸೇರುವುದು ಅಂತ ಒಮ್ಮೆ ಒಪ್ಪಿಕೊಳ್ಳಿ. ಮುಂದಿನ ವರ್ಷದ ತಾರೀಖು ಪಂಚಾಂಗ ನೋಡಿದರೆ ಸಿಗುತ್ತದೆ. ಆಗಲೂ ಒಂದೊಂದು ಮಳೆ ಬಂದೀತು, ಛತ್ರಿ ಇಟ್ಟುಕೊಳ್ಳಿ. ಬರಲಾಗದವರು ಆ ವರ್ಷ ಬರುವುದಿಲ್ಲ, ಅಷ್ಟೇ. ಒಬ್ಬರ ಸಲುವಾಗಿ ತಾರೀಖು ಕದಲಿಸಿದಿರೋ, ಮರುವರ್ಷ ಎಲ್ಲರೂ ಕದಲಿಸುತ್ತಾರೆ.

ಜಾಗದ ವಿಷಯ. ಗಾಲ್ಫ್ ಅಂದರೆ ಬೆಂಗಳೂರು, ಮೈಸೂರು ಅಂತ ನಮ್ಮ ಕಡೆಯವರ ತಲೆಯಲ್ಲಿ ಕೂತಿದೆ. ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು, ಮೈಸೂರಿನದು ರೇಸ್ ಕೋರ್ಸ್ ಒಳಗೇ ಇದೆ, ನೋಡುವಂಥದ್ದೇ. ಆದರೆ ಮೊದಲ ವರ್ಷ ಅಷ್ಟು ದೂರ ಯಾಕೆ? ಕಾರವಾರದಲ್ಲಿ ಕಾಳಿ ಸೇತುವೆ ದಾಟಿ ಸದಾಶಿವಗಡ, ಮಾಜಾಳಿ, ಪೋಳೆಂ ಮೇಲೆ ಗೋವಾದ ಕಾಣಕೋಣಕ್ಕೆ ಹೋಗಲು ಒಂದು ಗಂಟೆ ಸಾಕು. ಅಲ್ಲಿ ರಾಜಬಾಗ್ ಕಡಲ ದಂಡೆಯ ರೆಸಾರ್ಟ್‌ನಲ್ಲಿ 9 ಹೋಲ್‌ಗಳ, ಅಂದರೆ ಚೆಂಡು ಬೀಳಿಸುವ 9 ಗುಳಿಗಳ ಕೋರ್ಸ್ ಇದೆ, ಎರಡು ಸುತ್ತು ಹಾಕಿದರೆ ಪೂರ್ತಿ ಆಟದ 18 ಆಯಿತು. ಶಿರಸಿಯವರು ಗುರುವಾರ ಮಧ್ಯಾಹ್ನ ಘಟ್ಟ ಇಳಿದು ಕಾರವಾರದಲ್ಲಿ ಮಲಗಿ, ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಹೊರಡಿ. ದೇವಿಮನೆ ಘಟ್ಟದ ರಸ್ತೆ ಹೇಗಿದೆ ಅಂತ ಹಿಂದಿನ ದಿನವೇ ಕೇಳಿಕೊಳ್ಳಿ, ಇಲ್ಲದಿದ್ದರೆ ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ ಇದ್ದೇ ಇದೆ. ಇನ್ನೊಂದು ಮಾತು, ವಾಪಸ್ ಬರುವಾಗ ಗೋವಾ ಬಾಟಲಿ ಡಿಕ್ಕಿಯಲ್ಲಿ ಇಟ್ಟುಕೊಂಡು ಬರಬೇಡಿ. ಪರ್ಮಿಟ್ ಇಲ್ಲದೆ ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ಸಿಕ್ಕಿಬಿದ್ದರೆ ಅಬಕಾರಿ ಕೇಸು. ಗಾಲ್ಫ್ ಬ್ಯಾಗ್ ನೋಡಿದ ಕೂಡಲೇ ಬಿಚ್ಚಿ ಅನ್ನುತ್ತಾರೆ, ಅದರ ಗಾತ್ರವೇ ಹಾಗಿದೆ ಅಲ್ವಾ.

ಎರಡನೇ ವರ್ಷಕ್ಕೆ ಬೆಳಗಾವಿ ಇಟ್ಟುಕೊಳ್ಳಿ. 2022ರ ಆಗಸ್ಟ್‌ನಲ್ಲಿ ಚಿರತೆ ಸೇರಿಕೊಂಡು ಸುತ್ತಲಿನ ಶಾಲೆಗಳಿಗೆಲ್ಲ ರಜೆ ಕೊಟ್ಟರಲ್ಲ, ಹುಡುಕಲು ಸಕ್ರೆಬೈಲಿನಿಂದ ಆನೆ ತರಿಸಿದರಲ್ಲ, ಅದೇ ಗಾಲ್ಫ್ ಮೈದಾನ. ಆಮೇಲೆ ಮಂಗಳೂರಿನ ಪಿಲಿಕುಳ, ಕೊಡಗಿನ ಬಿಟ್ಟಂಗಾಲ ಹೀಗೆ ವರ್ಷಕ್ಕೊಂದು. ಎಲ್ಲೇ ಹೋಗಿ, ಹೊರಗಿನವರನ್ನು ಬಿಡುತ್ತಾರಾ, ಸದಸ್ಯರ ಪರಿಚಯ ಬೇಕಾ, ಬಾಡಿಗೆಗೆ ಕ್ಲಬ್ (ಆಡುವ ಕೋಲು) ಸಿಗುತ್ತಾ, ಬ್ಯಾಗ್ ಹೊರುವ ಕ್ಯಾಡಿಗೆ ಎಷ್ಟು, ಇಷ್ಟನ್ನು ಫೋನ್ ಮಾಡಿ ಕೇಳಿಯೇ ಹೊರಡಿ. ಜೀನ್ಸ್ ಬೇಡ, ಕಾಲರ್ ಇರುವ ಟೀಶರ್ಟ್ ಇರಲಿ.

ಈಗ ಕಾರು. ಇಲ್ಲೇ ಎಲ್ಲರೂ ಎಡವುವುದು. 8 ಜನ, ಒಂದು ದೊಡ್ಡ ಗಾಡಿ ಸಾಕು ಅಂತ ಯಾರೋ ಒಬ್ಬರು ಹೇಳೇ ಹೇಳುತ್ತಾರೆ. ಡ್ರೈವರ್ ಅನ್ನುವ ಕೋಲೇ ಸುಮಾರು 45 ಇಂಚು ಉದ್ದ. ಇನ್ನೋವಾದಲ್ಲಿ ಹಿಂದಿನ ಸಾಲಿನಲ್ಲಿ ಜನ ಕೂತರೆ ಡಿಕ್ಕಿಯಲ್ಲಿ ಒಂದು ಬ್ಯಾಗ್ ಇಡುವುದೂ ಕಷ್ಟ. ಎರಡು ಗಾಡಿ ಮಾಡಿ, ಒಂದೊಂದರಲ್ಲಿ 4 ಜನ, ಹಿಂದಿನ ಸೀಟು ಮಡಚಿ. ಡ್ರೈವರ್ ಕೋಲನ್ನು ಬ್ಯಾಗಿನಿಂದ ತೆಗೆದು ಬೇರೆಯಾಗಿ ಓರೆಯಾಗಿಡಿ, ಬ್ಯಾಗ್‌ಗಳನ್ನು ಒಂದರ ತಲೆ ಈಚೆ, ಇನ್ನೊಂದರ ತಲೆ ಆಚೆ ಬರುವಂತೆ ಮಲಗಿಸಿ. ಕಬ್ಬಿಣದ ಕ್ಲಬ್‌ಗಳ ತಲೆಗೆ ಹಳೆ ಟವಲ್ ಸುತ್ತಿ, ಇಲ್ಲದಿದ್ದರೆ ಘಟ್ಟದ ತಿರುವು ಮುಗಿಯುವವರೆಗೂ ಪಾತ್ರೆ ಅಂಗಡಿಯೇ ಹಿಂದೆ ಬಂದಂತೆ ಸದ್ದು. ಹೊಸಬರು ಪೂರ್ತಿ ಸೆಟ್ ಹೊರುವುದೂ ಬೇಡ. ನಿಯಮದಲ್ಲಿ 14 ಕ್ಲಬ್‌ವರೆಗೆ ಇಟ್ಟುಕೊಳ್ಳಬಹುದು, ಇಟ್ಟುಕೊಳ್ಳಲೇಬೇಕು ಅಂತ ಎಲ್ಲೂ ಇಲ್ಲ. ದೂರದ ಹೊಡೆತಕ್ಕೆ ಒಂದು ಹೈಬ್ರಿಡ್, ನಡುವಿನ ದೂರಕ್ಕೆ 7 ಮತ್ತು 9ರ ಐರನ್, ಹತ್ತಿರದಿಂದ ಎತ್ತಿ ಹೊಡೆಯಲು ಒಂದು ವೆಜ್, ಗುಳಿಗೆ ಉರುಳಿಸಲು ಒಂದು ಪಟರ್ ಸಾಕು.

ಚೆನ್ನಾಗಿ ಆಡುವವರೂ ಆಡದವರೂ ಒಟ್ಟಿಗೆ ಹೇಗೆ? ಹೊಡೆತ ಎಣಿಸುವ ಆಟ ಬೇಡ, ನಿಮ್ಮಲ್ಲಿ ಒಬ್ಬರು ಒಂದೇ ಹೋಲ್‌ನಲ್ಲಿ 12 ಹೊಡೆದು ಅಲ್ಲೇ ಬೇಸರ ಮಾಡಿಕೊಳ್ಳುತ್ತಾರೆ. ಸ್ಟೇಬಲ್‌ಫೋರ್ಡ್ ಆಡಿ. ಫ್ರಾಂಕ್ ಸ್ಟೇಬಲ್‌ಫೋರ್ಡ್ ಎಂಬ ಇಂಗ್ಲೆಂಡಿನ ವೈದ್ಯರು ಹುಡುಕಿದ ಲೆಕ್ಕ, 1932ರಲ್ಲಿ ವಾಲಸಿ ಕ್ಲಬ್‌ನಲ್ಲಿ ಸ್ಪರ್ಧೆಗೆ ಬಂತು. ಹ್ಯಾಂಡಿಕ್ಯಾಪ್ (ಆಟದ ಮಟ್ಟ ನೋಡಿ ಕೊಡುವ ಹೊಡೆತಗಳ ರಿಯಾಯಿತಿ) ಕಳೆದ ಮೇಲೆ ಪಾರ್ (ಆ ಹೋಲ್‌ಗೆ ಗೊತ್ತು ಮಾಡಿದ ಹೊಡೆತ) ಬಂದರೆ 2 ಪಾಯಿಂಟ್, ಒಂದು ಹೊಡೆತ ಜಾಸ್ತಿಯಾದರೆ 1, ಒಂದು ಕಡಿಮೆಯಾದರೆ 3. ಎರಡು ಜಾಸ್ತಿಯಾದರೆ ಸೊನ್ನೆ, ಚೆಂಡು ಎತ್ತಿ ಜೇಬಿಗೆ ಹಾಕಿಕೊಂಡು ಮುಂದಿನ ಹೋಲ್‌ಗೆ ನಡೆಯಿರಿ. ಹಿಂದೆ ಬರುವವರೂ ಬೈಯುವುದಿಲ್ಲ. ಕಳೆದ ಚೆಂಡನ್ನು 3 ನಿಮಿಷಕ್ಕಿಂತ ಹೆಚ್ಚು ಹುಡುಕುವಂತಿಲ್ಲ, 2019ರಿಂದ ನಿಯಮವೇ ಹಾಗಿದೆ, ಮೊದಲು 5 ಇತ್ತು. ಬೆಂಗಳೂರಿನ ಇಬ್ಬರನ್ನು ಒಂದೇ ತಂಡಕ್ಕೆ ಹಾಕಬೇಡಿ. ದಿನಕ್ಕೆ ಒಂದೇ ರೌಂಡ್, ಅಂದರೆ 18 ಹೋಲ್, ಬೆಳಿಗ್ಗೆ ಬೇಗ. ನಾಲ್ವರು 18 ಹೋಲ್ ಮುಗಿಸಲು ನಾಲ್ಕು ಗಂಟೆಗೆ ಕಡಿಮೆ ಇಲ್ಲ, ಮಧ್ಯಾಹ್ನದ ಮೇಲೆ ಮತ್ತೆ ಆಡೋಣ ಅನ್ನುವವರು ಮಾರನೇ ದಿನ ಏಳುವುದೇ ಇಲ್ಲ.

ದುಡ್ಡಿಗೆ ಒಬ್ಬರೇ ಖಜಾಂಚಿ. ವಂತಿಗೆ ಒಂದು ತಿಂಗಳು ಮುಂಚೆ, ಕೊಟ್ಟವರೇ ಬರುವವರು. ಕೊನೆಗಳಿಗೆಯಲ್ಲಿ ಕೈಕೊಟ್ಟರೆ ರೂಮಿನ ಪಾಲು ವಾಪಸ್ ಇಲ್ಲ ಅಂತ ಮೊದಲೇ ಹೇಳಿ, ಆಮೇಲೆ ಹೇಳಿದರೆ ಸ್ನೇಹ ಕೆಡುತ್ತದೆ. ಗೆದ್ದವರೇ ಮುಂದಿನ ವರ್ಷದ ಖಜಾಂಚಿ ಅಂತ ಇಟ್ಟರೆ ಬೆಂಗಳೂರಿನವರು ಗೆಲ್ಲಲು ಸ್ವಲ್ಪ ಯೋಚಿಸುತ್ತಾರೆ. ಊಟವನ್ನು ಮಾತ್ರ ವಂತಿಗೆಗೆ ಸೇರಿಸಬೇಡಿ. ತಂಬುಳಿ ಅನ್ನ ಉಂಡವರು ಇಸವಣ ಮೀನಿನ ತವಾ ಫ್ರೈನ ಬಿಲ್ ಹಂಚಿಕೊಳ್ಳಬೇಕಾ? ನಿಮ್ಮ ಗ್ರೂಪಿನ ಜಗಳ ಇದೇ ಇರಬೇಕು. ತಿಂದವರು ಕೊಡಲಿ.

ಪ್ರಶ್ನೆ: ನನ್ನ ಗಂಡ ಗೆಳೆಯರ ಜೊತೆ ವರ್ಷಕ್ಕೊಮ್ಮೆ ಗಾಲ್ಫ್ ಅಂತ ಹೋಗುತ್ತಾರೆ. ನಾವು ಹೆಂಗಸರು ಕೇಳಿದರೆ "ನಿಮಗೆ ಆಗಲ್ಲ, ತುಂಬಾ ನಡೀಬೇಕು" ಅನ್ನುತ್ತಾರೆ. ಹೌದಾ?
— ಒಬ್ಬ ಓದುಗರು, ಹೊನ್ನಾವರ

ಉತ್ತರ: ನಡೆಯಬೇಕು, ಏಳೆಂಟು ಕಿಲೋಮೀಟರ್ ಆಗುತ್ತದೆ. ದಿನಾ ಮನೆ, ಪೇಟೆ, ಬಸ್‌ಸ್ಟ್ಯಾಂಡ್ ಅಂತ ನೀವು ನಡೆಯುವುದನ್ನು ಅವರು ಎಣಿಸಿಲ್ಲ ಬಿಡಿ. ಗಾಲ್ಫ್‌ನಲ್ಲಿ ಮುಂದಿನ ಟೀ (ಹೋಲ್‌ಗೆ ಹತ್ತಿರದಿಂದ ಮೊದಲ ಹೊಡೆತ ಹೊಡೆಯುವ ಜಾಗ) ಅಂತ ಇರುತ್ತದೆ, ದೂರ ಹೊಡೆಯಲಾಗದವರು ಅಲ್ಲಿಂದ ಶುರು ಮಾಡಬಹುದು, ಗಂಡಸರೂ ಕೂಡ. ಅವರ ಜೊತೆ ಹೋಗುವ ಬದಲು ನೀವು ನಾಲ್ವರು ಗೆಳತಿಯರು ಸೇರಿ ಬೇರೆಯೇ ಹೋಗಿ. ಆ ಮೂರು ದಿನ ಮನೆ ಅವರು ನೋಡಿಕೊಳ್ಳಲಿ.

ಪ್ರಶ್ನೆ: ಹತ್ತಿರದಲ್ಲಿ ಗಾಲ್ಫ್ ಕೋರ್ಸ್ ಇಲ್ಲ. ಕೊಯ್ದ ಗದ್ದೆಯಲ್ಲಿ ಅಭ್ಯಾಸ ಮಾಡಬಹುದಾ?
— ಆರ್., ಸಿದ್ದಾಪುರ

ಉತ್ತರ: ಮಾಡಬಹುದು, ಆದರೆ ನಿಜವಾದ ಚೆಂಡಿನಲ್ಲಿ ಬೇಡ. ಅದು 46 ಗ್ರಾಂ ಹತ್ತಿರ ತೂಗುವ ಗಟ್ಟಿ ಉಂಡೆ, ಪಕ್ಕದ ಮನೆಯ ಹೆಂಚು ಉಳಿಯುವುದಿಲ್ಲ. ತೂತು ಇರುವ ಪ್ಲಾಸ್ಟಿಕ್ ಚೆಂಡು ಸಿಗುತ್ತದೆ, ಹೆಚ್ಚು ದೂರ ಹೋಗುವುದಿಲ್ಲ. ಕೂಳೆಗೆ ಕ್ಲಬ್ ಸಿಕ್ಕಿ ಮಣಿಕಟ್ಟು ತಿರುಚದಂತೆ ಒಂದು ಹಳೆ ಕಾಲೊರೆಸುವ ಮ್ಯಾಟ್ ಹಾಸಿಕೊಳ್ಳಿ. ಪಟಿಂಗ್‌ಗೆ ಸಗಣಿ ಸಾರಿಸಿದ ಅಂಗಳಕ್ಕಿಂತ ಒಳ್ಳೆಯ ಜಾಗ ಇಲ್ಲ, ಚೆಂಡು ಸರಾಗ ಉರುಳುತ್ತದೆ. ಅಡಿಕೆ ಒಣಗಲು ಹರವುವ ಮುಂಚೆ ಮಾತ್ರ. ಹರವಿದ ಮೇಲೆ ಕೋಲು ಹಿಡಿದು ಅಂಗಳಕ್ಕೆ ಇಳಿದರೆ ಮನೆಯವರು ನಿಮ್ಮನ್ನೇ ಓಡಿಸುತ್ತಾರೆ.