ಗೇಮಿಂಗ್ ಕಂಪ್ಯೂಟರಿಗೆ ಪ್ರೊಸೆಸರ್: ಕೋರ್ ಎಷ್ಟು, ಕ್ಯಾಶ್ ಎಷ್ಟು?

ಪ್ರಶ್ನೆ: ಎರಡು ವರ್ಷ ಹಣ ಕೂಡಿಸಿಟ್ಟು, ಈಗ ಮೇಲ್ದರ್ಜೆಯ ಗೇಮಿಂಗ್ ಕಂಪ್ಯೂಟರೊಂದನ್ನು ಬಿಡಿಭಾಗಗಳಿಂದ ಜೋಡಿಸಿಕೊಳ್ಳಲು ಹೊರಟಿದ್ದೇನೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವರೊಬ್ಬರು 24 ಕೋರ್‌ಗಳ ಇಂಟೆಲ್ ಕೋರ್ ಅಲ್ಟ್ರಾ 9 285ಕೆ ಕೊಳ್ಳಿ ಎನ್ನುತ್ತಾರೆ. ನನ್ನ ಗೆಳೆಯ 8 ಕೋರ್‌ಗಳ ಎಎಂಡಿ ರೈಜೆನ್ 7 9800ಎಕ್ಸ್3ಡಿ ಸಾಕು ಎನ್ನುತ್ತಾನೆ. 24 ಎಲ್ಲಿ, 8 ಎಲ್ಲಿ? 1440ಪಿ ರೆಸಲ್ಯೂಶನ್‌ನ, 240 ಹರ್ಟ್ಸ್‌ನ ಮಾನಿಟರನ್ನು ಆಗಲೇ ಕೊಂಡಿದ್ದೇನೆ. ಹೆಚ್ಚಾಗಿ ಆಡುವುದು ಕೌಂಟರ್-ಸ್ಟ್ರೈಕ್ 2 ಮತ್ತು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್. ನಮ್ಮೂರಿನ ಬೇಸಿಗೆಯನ್ನು ನೆನೆದರೆ ಕಂಪ್ಯೂಟರ್ ತಡೆದೀತೇ ಎಂಬ ಚಿಂತೆಯೂ ಇದೆ.
– ಓದುಗರೊಬ್ಬರು, ಕಲಬುರಗಿ

ಉತ್ತರ: ನೀವು ಹೇಳಿದ ಆಟಗಳಿಗೆ ಮತ್ತು ನೀವು ಕೊಂಡಿರುವ ಮಾನಿಟರಿಗೆ ನಿಮ್ಮ ಗೆಳೆಯರ ಸಲಹೆಯೇ ಸರಿ. ಆದರೆ ಇಷ್ಟು ದೊಡ್ಡ ಮೊತ್ತವನ್ನು ಗೆಳೆಯರ ಮಾತಿನ ಮೇಲಾಗಲಿ, ನನ್ನ ಮಾತಿನ ಮೇಲಾಗಲಿ ಖರ್ಚು ಮಾಡುವುದು ಬೇಡ. ಕಾರಣವನ್ನು ತಿಳಿದು ಖರ್ಚು ಮಾಡಿ.

ಮೊದಲು ಲೆಕ್ಕವನ್ನು ಸರಿಪಡಿಸೋಣ. ಕೋರ್ ಎಂದರೆ ಪ್ರೊಸೆಸರಿನಲ್ಲಿ ಲೆಕ್ಕ ಮಾಡುವ ಒಂದು ಘಟಕ. 285ಕೆಯಲ್ಲಿರುವ 24 ಕೋರ್‌ಗಳೆಲ್ಲ ಒಂದೇ ಬಗೆಯವಲ್ಲ. ಅವುಗಳಲ್ಲಿ 8 ಮಾತ್ರ ಪೂರ್ಣ ವೇಗದ ದೊಡ್ಡ ಕೋರ್‌ಗಳು, ಉಳಿದ 16 ಕಡಿಮೆ ವಿದ್ಯುತ್ತಿನಲ್ಲಿ ದುಡಿಯುವ ಚಿಕ್ಕ ಕೋರ್‌ಗಳು. ಆಟದ ಮುಖ್ಯ ಕೆಲಸ ಬೀಳುವುದು ದೊಡ್ಡ ಕೋರ್‌ಗಳ ಮೇಲೆ. ಹಾಗಾಗಿ ನೀವು ಹೋಲಿಸಬೇಕಾದದ್ದು ಹೆಚ್ಚುಕಡಿಮೆ ಎಂಟನ್ನು ಎಂಟರೊಂದಿಗೆ.

240 ಹರ್ಟ್ಸ್‌ನ ಪರದೆಗೆ ಪ್ರತಿ ಸೆಕೆಂಡಿಗೆ 240 ಚಿತ್ರಗಳು, ಅಂದರೆ ಫ್ರೇಮ್‌ಗಳು ಬೇಕು. ಒಂದೊಂದಕ್ಕೆ ಸಿಗುವ ಸಮಯ ಸುಮಾರು 4.2 ಮಿಲಿಸೆಕೆಂಡ್. ಅಷ್ಟರೊಳಗೆ ಪ್ರೊಸೆಸರ್ ನಿಮ್ಮ ಮೌಸ್ ಎತ್ತ ಸರಿಯಿತೆಂದು ನೋಡಬೇಕು, ಎದುರಾಳಿಗಳು ಎಲ್ಲಿದ್ದಾರೆಂದು ಲೆಕ್ಕ ಹಾಕಬೇಕು, ಗುಂಡು ಯಾವುದಕ್ಕೆ ತಾಗಿತೆಂದು ನಿರ್ಧರಿಸಬೇಕು, ಕೊನೆಗೆ ಏನೇನನ್ನು ಬಿಡಿಸಬೇಕೆಂಬ ಪಟ್ಟಿಯನ್ನು ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸಬೇಕು. ಈ ಕೆಲಸಗಳಲ್ಲಿ ಬಹಳಷ್ಟು ಒಂದರ ಫಲಿತಾಂಶಕ್ಕಾಗಿ ಮತ್ತೊಂದು ಕಾಯುವಂಥವು. ಹಂಚಿ ಮಾಡಲು ಬರುವುದಿಲ್ಲ. ಹಬ್ಬದ ಮನೆಯಲ್ಲಿ ಹೋಳಿಗೆ ಬೇಯಿಸುವ ಕಾವಲಿ ಒಂದೇ ಇದ್ದರೆ, ಹೂರಣ ರುಬ್ಬುವುದಕ್ಕೆ ಇನ್ನೂ ಹದಿನಾರು ಮಂದಿಯನ್ನು ಕರೆತಂದರೂ ಹೋಳಿಗೆ ಬೇಗ ಎಲೆಗೆ ಬೀಳುವುದಿಲ್ಲ. ಆಟದಲ್ಲಿಯೂ ಅಂಥ ಕಾವಲಿಯೊಂದಿದೆ. ಅದನ್ನು ಮುಖ್ಯ ಥ್ರೆಡ್ ಎನ್ನುತ್ತಾರೆ.

ಆ ಮುಖ್ಯ ಥ್ರೆಡ್ಡನ್ನು ನಡೆಸುವ ಕೋರ್ ಎಷ್ಟೇ ವೇಗದ್ದಾಗಿದ್ದರೂ ಬೇಕಾದ ಮಾಹಿತಿ ಕೈಗೆ ಬರುವವರೆಗೆ ಸುಮ್ಮನೆ ಕಾಯಬೇಕು. ಮಾಹಿತಿ ರ‍್ಯಾಮ್‌ನಿಂದ ಬರಬೇಕಾದರೆ 70–80 ನ್ಯಾನೊಸೆಕೆಂಡ್‌ನಷ್ಟು ಹಿಡಿಯುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ಓಡುವ ಕೋರ್‌ಗೆ ಒಂದು ನ್ಯಾನೊಸೆಕೆಂಡ್ ಎಂದರೆ ಐದು ಹೆಜ್ಜೆ. ಎಂದರೆ ಪ್ರತಿ ಸಲ ಮುನ್ನೂರೈವತ್ತು, ನಾಲ್ಕು ನೂರು ಹೆಜ್ಜೆಗಳು ವ್ಯರ್ಥ. ಅದೇ ಮಾಹಿತಿ ಪ್ರೊಸೆಸರಿನ ಒಳಗೇ ಇರುವ ಎಲ್3 ಕ್ಯಾಶ್ ಮೆಮೊರಿಯಲ್ಲಿ ಸಿಕ್ಕಿಬಿಟ್ಟರೆ ಹತ್ತು ನ್ಯಾನೊಸೆಕೆಂಡ್‌ನ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ಸಾಮಾನ್ಯ 8 ಕೋರ್‌ಗಳ ರೈಜೆನ್ 7 9700ಎಕ್ಸ್‌ನಲ್ಲಿ ಈ ಕ್ಯಾಶ್ 32 ಎಂಬಿ, 285ಕೆಯಲ್ಲಿ 36 ಎಂಬಿ. 9800ಎಕ್ಸ್3ಡಿಯಲ್ಲಿ 64 ಎಂಬಿಯ ಇನ್ನೊಂದು ಪದರವನ್ನು ಜೋಡಿಸಿರುವುದರಿಂದ ಒಟ್ಟು 96 ಎಂಬಿ ಇದೆ. ಹೆಸರಿನ ಕೊನೆಯಲ್ಲಿರುವ 3ಡಿ ಎಂಬುದು ಸೂಚಿಸುವುದು ಈ ಪದರವನ್ನೇ. ಫ್ಲೈಟ್ ಸಿಮ್ಯುಲೇಟರಿನಂತೆ ವಿಶಾಲವಾದ ಲೋಕವನ್ನು ಸದಾ ಲೆಕ್ಕ ಹಾಕುತ್ತಿರುವ ಆಟಗಳಿಗೆ ಇದರಿಂದ ಸಿಗುವ ಲಾಭ ಕಣ್ಣಿಗೆ ಕಾಣುವಷ್ಟು ದೊಡ್ಡದು. ಸರಾಸರಿ ಫ್ರೇಮ್‌ಗಳು ಏರುವುದಕ್ಕಿಂತಲೂ, ನಡುನಡುವೆ ಚಿತ್ರ ತಡವರಿಸುವುದು ಕಡಿಮೆಯಾಗುವುದು ನನಗೆ ಮುಖ್ಯವಾಗಿ ಕಾಣುತ್ತದೆ. ಆದ್ದರಿಂದ ವಿಮರ್ಶೆಗಳನ್ನು ಓದುವಾಗ ಸರಾಸರಿಯ ಪಕ್ಕದಲ್ಲಿರುವ ‘1% ಲೋ’ (ಅತಿ ನಿಧಾನವಾದ ಶೇಕಡಾ ಒಂದರಷ್ಟು ಫ್ರೇಮ್‌ಗಳ ವೇಗ) ಎಂಬ ಅಂಕಿಯನ್ನೂ ತಪ್ಪದೆ ನೋಡಿ.

ಸೆಕೆಯ ವಿಷಯ. 2022ರ 5800ಎಕ್ಸ್3ಡಿ ಮತ್ತು 2023ರ 7800ಎಕ್ಸ್3ಡಿಗಳಲ್ಲಿ ಹೆಚ್ಚುವರಿ ಕ್ಯಾಶ್ ಪದರ ಕೋರ್‌ಗಳ ಮೇಲೆ ಕಂಬಳಿ ಹೊದಿಸಿದಂತೆ ಕುಳಿತಿತ್ತು. ಬಿಸಿ ಹೊರಹೋಗಲು ಅದು ಅಡ್ಡಿಯಾಗುತ್ತಿದ್ದುದರಿಂದ ವೇಗಕ್ಕೆ ಕಡಿವಾಣ ಹಾಕಬೇಕಾಗಿತ್ತು. 2024ರ ನವೆಂಬರಿನಲ್ಲಿ ಬಂದ 9800ಎಕ್ಸ್3ಡಿಯಲ್ಲಿ ಎಎಂಡಿ ಆ ಪದರವನ್ನು ಕೋರ್‌ಗಳ ಕೆಳಕ್ಕೆ ಸರಿಸಿತು. ಕೋರ್‌ಗಳು ಕೂಲರಿಗೆ ಹತ್ತಿರವಾದವು, ಗರಿಷ್ಠ ವೇಗ 5.0ರಿಂದ 5.2 ಗಿಗಾಹರ್ಟ್ಸ್‌ಗೆ ಏರಿತು. ಇದರ ಘೋಷಿತ ಅಂಕಿ 120 ವ್ಯಾಟ್, ಭಾರದ ಕೆಲಸದಲ್ಲಿ 162 ವ್ಯಾಟ್‌ವರೆಗೆ ಎಳೆಯಬಲ್ಲದು. 285ಕೆ ಭಾರದ ಕೆಲಸದಲ್ಲಿ 250 ವ್ಯಾಟ್‌ವರೆಗೆ ಎಳೆಯಬಲ್ಲದು. ಆಡುವಾಗ ಎರಡೂ ಸಾಮಾನ್ಯವಾಗಿ ಅಷ್ಟು ಎಳೆಯುವುದಿಲ್ಲ ಎಂಬುದು ನಿಜ. ಆದರೂ ಕೂಲರ್ ಎಂಬುದು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಕೋಣೆಯಲ್ಲಿ 25 ಡಿಗ್ರಿ ಇದ್ದದ್ದು 40 ಆದರೆ ಪ್ರೊಸೆಸರಿನ ಬಿಸಿಯೂ ಹೆಚ್ಚುಕಡಿಮೆ ಆ 15 ಡಿಗ್ರಿಯಷ್ಟು ಏರುತ್ತದೆ. 9800ಎಕ್ಸ್3ಡಿ 95 ಡಿಗ್ರಿಯವರೆಗೆ ತಡೆಯುವಂತೆ ರೂಪಿಸಲಾದದ್ದು, ಅದನ್ನು ಮುಟ್ಟಿದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಎರಡು ಗೋಪುರಗಳ ಒಳ್ಳೆಯ ಏರ್ ಕೂಲರ್ ಮತ್ತು ಮುಂಭಾಗದಲ್ಲಿ ಜಾಲರಿ ಇರುವ ಕ್ಯಾಬಿನೆಟ್ ಇದ್ದರೆ ನಿಮ್ಮ ಮೇ ತಿಂಗಳಿಗೂ ಸಾಕು. ಪ್ರೊಸೆಸರಿನ ಪೆಟ್ಟಿಗೆಯಲ್ಲಿ ಕೂಲರ್ ಬರುವುದಿಲ್ಲವಾದ್ದರಿಂದ ಅದಕ್ಕೆ ಬೇರೆ ಹಣ ಎತ್ತಿಡಿ.

ಅಂಗಡಿಯವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ದೊಡ್ಡ ತಂತ್ರಾಂಶಗಳನ್ನು ಕಂಪೈಲ್ ಮಾಡುವ, ಗಂಟೆಗಟ್ಟಲೆ ವಿಡಿಯೊ ಸಂಕಲಿಸುವ ಕೆಲಸವಿದ್ದರೆ 285ಕೆ ನಿಜಕ್ಕೂ ಬಲಶಾಲಿ. ಆಟ ಮತ್ತು ಅಂಥ ಕೆಲಸ ಎರಡೂ ಸಮಸಮವಾಗಿ ಬೇಕೆನ್ನುವವರಿಗೆ 16 ಕೋರ್‌ಗಳ ರೈಜೆನ್ 9 9950ಎಕ್ಸ್3ಡಿ ಇದೆ. ಆದರೆ ಅದರಲ್ಲಿ ಹೆಚ್ಚುವರಿ ಕ್ಯಾಶ್ ಇರುವುದು 8 ಕೋರ್‌ಗಳ ಒಂದು ಗುಂಪಿಗೆ ಮಾತ್ರ, ಆಟವನ್ನು ಆ ಗುಂಪಿನಲ್ಲೇ ನಡೆಸುವ ಹೊಣೆ ವಿಂಡೋಸ್ ಮತ್ತು ಚಿಪ್‌ಸೆಟ್ ಡ್ರೈವರ್‌ಗಳದು. ಬಿಡುಗಡೆಯ ಬೆಲೆ 699 ಡಾಲರ್. 9800ಎಕ್ಸ್3ಡಿಯದು 479 ಡಾಲರ್. ಬರೀ ಆಡುವವರು ಆ ವ್ಯತ್ಯಾಸದ ಹಣವನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕುವುದೇ ಮೇಲು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ನಿಮ್ಮ ಮಾನಿಟರ್ 4ಕೆ, 60 ಹರ್ಟ್ಸ್‌ನದಾಗಿದ್ದರೆ ನನ್ನ ಉತ್ತರವೇ ಬೇರೆಯಾಗುತ್ತಿತ್ತು. 1440ಪಿ ಪರದೆಯಲ್ಲಿ 37 ಲಕ್ಷದಷ್ಟು ಪಿಕ್ಸೆಲ್‌ಗಳಿದ್ದರೆ 4ಕೆಯಲ್ಲಿ 83 ಲಕ್ಷದಷ್ಟು. ಆ ಹೊರೆ ಬೀಳುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆ, ಪ್ರೊಸೆಸರಿನ ಮೇಲಲ್ಲ. ಅಲ್ಲಿ 9700ಎಕ್ಸ್ ಹಾಕಿದ್ದರೂ ನಿಮಗೆ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಆದ್ದರಿಂದಲೇ ಪರದೆಯನ್ನು ಮೊದಲು, ಕಾರ್ಡನ್ನು ಆಮೇಲೆ, ಪ್ರೊಸೆಸರನ್ನು ಕೊನೆಗೆ ನಿರ್ಧರಿಸಬೇಕು.

ರ‍್ಯಾಮ್ ಡಿಡಿಆರ್5 ಆಗಿರಲಿ, 6000ದ ವೇಗದ 16 ಜಿಬಿಯ ಎರಡು ಕಡ್ಡಿಗಳಿರಲಿ. ನಾಲ್ಕು ಕಡ್ಡಿ ಹಾಕಿದರೆ ಆ ವೇಗ ಸಿಗುವುದು ಕಷ್ಟ. ಜೋಡಿಸಿದ ದಿನವೇ ಬಯಾಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ಮದರ್‌ಬೋರ್ಡಿನ ತಂತ್ರಾಂಶಕ್ಕೆ) ಹೋಗಿ ಎಕ್ಸ್‌ಪೋ ಎಂಬ ಆಯ್ಕೆಯನ್ನು ಸಕ್ರಿಯಗೊಳಿಸಿ. ಇಲ್ಲದಿದ್ದರೆ ಹಣ ಕೊಟ್ಟು ತಂದ ರ‍್ಯಾಮ್ ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ, ನಿಮಗೆ ತಿಳಿಯುವುದೂ ಇಲ್ಲ.

ಪ್ರಶ್ನೆ: 2019ರ ರೈಜೆನ್ 5 3600 ಮತ್ತು ಬಿ450 ಮದರ್‌ಬೋರ್ಡ್ ಇರುವ ನನ್ನ ಕಂಪ್ಯೂಟರಿಗೆ ಹೊಸ ರೇಡಿಯಾನ್ ಆರ್‌ಎಕ್ಸ್ 9070 ಎಕ್ಸ್‌ಟಿ ಕಾರ್ಡ್ ಹಾಕಿಸಿದೆ. ನಿರೀಕ್ಷಿಸಿದಷ್ಟು ಫ್ರೇಮ್‌ಗಳು ಬರುತ್ತಿಲ್ಲ. ಎಲ್ಲವನ್ನೂ ಬದಲಿಸಬೇಕೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ಖರ್ಚಿಲ್ಲದ ಪರೀಕ್ಷೆಯೊಂದನ್ನು ಮಾಡಿ. ಆಟದ ಸೆಟ್ಟಿಂಗ್‌ನಲ್ಲಿ ಫ್ರೇಮ್ ಮಿತಿ ಮತ್ತು ವಿ-ಸಿಂಕ್ (ಫ್ರೇಮ್‌ಗಳನ್ನು ಪರದೆಯ ವೇಗಕ್ಕೆ ಕಟ್ಟಿಹಾಕುವ ಆಯ್ಕೆ) ತೆಗೆದು, ರೆಸಲ್ಯೂಶನ್ನನ್ನು ಮಾತ್ರ ತೀರ ಕೆಳಕ್ಕೆ ಇಳಿಸಿ ಅದೇ ದೃಶ್ಯವನ್ನು ಮತ್ತೆ ಆಡಿ. ಫ್ರೇಮ್‌ಗಳ ಸಂಖ್ಯೆ ಒಮ್ಮೆಲೇ ಏರಿದರೆ ಕಾರ್ಡ್ ಮಿತಿಯಲ್ಲಿತ್ತು ಎಂದರ್ಥ. ಇದ್ದಲ್ಲೇ ಇದ್ದರೆ ಹಿಡಿದಿಟ್ಟಿರುವುದು ಪ್ರೊಸೆಸರ್. ನಿಮ್ಮಲ್ಲಿ ಎರಡನೆಯದೇ ಆಗಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಅದೇ ಎಎಂ4 ಸಾಕೆಟ್ಟಿಗೆ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗಕ್ಕೆ) ಹೊಂದುವ 5700ಎಕ್ಸ್3ಡಿ ಅಥವಾ 5800ಎಕ್ಸ್3ಡಿ ಹುಡುಕಿ. ಎರಡರಲ್ಲೂ 96 ಎಂಬಿ ಕ್ಯಾಶ್ ಇದೆ, ರ‍್ಯಾಮ್ ಮತ್ತು ಬೋರ್ಡ್ ಬದಲಿಸಬೇಕಾಗಿಲ್ಲ. ಹಳೆಯ ಪ್ರೊಸೆಸರ್ ಕೂತಿರುವಾಗಲೇ ಬಯಾಸನ್ನು ನವೀಕರಿಸುವುದನ್ನು ಮರೆಯಬೇಡಿ. ನ್ಯಾಯವಾದ ಬೆಲೆಗೆ ಅವು ಸಿಗದಿದ್ದರೆ ಮಾತ್ರ ಎಎಂ5ಕ್ಕೆ ಹೋಗುವ ಯೋಚನೆ ಮಾಡಿ. ಆ ಸಾಕೆಟ್ 2022ರಲ್ಲಿ ಬಂದದ್ದು, 2027 ಮತ್ತು ಅದರಾಚೆಗೂ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ.

ಪ್ರಶ್ನೆ: ಪರಿಚಿತರೊಬ್ಬರು ತಾವು ಬಳಸಿದ ಕೋರ್ ಐ9-13900ಕೆ ಪ್ರೊಸೆಸರನ್ನು ಕಡಿಮೆ ಬೆಲೆಗೆ ಕೊಡುತ್ತಾರೆ. ಕೊಳ್ಳಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬಿಲ್ ಮತ್ತು ವಾರಂಟಿ ಇಲ್ಲದೆ ಬೇಡ. 13 ಮತ್ತು 14ನೆಯ ತಲೆಮಾರಿನ ಮೇಲ್ದರ್ಜೆಯ ಇಂಟೆಲ್ ಪ್ರೊಸೆಸರುಗಳಲ್ಲಿ ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್ ಹರಿದು ಚಿಪ್ ಕಾಲಕ್ರಮದಲ್ಲಿ ಹದಗೆಡುವ ದೋಷವನ್ನು ಇಂಟೆಲ್ ಸಂಸ್ಥೆಯೇ 2024ರಲ್ಲಿ ಒಪ್ಪಿಕೊಂಡಿತು. ಅದೇ ವರ್ಷ ಬಯಾಸ್ ನವೀಕರಣದ ಮೂಲಕ ಮೈಕ್ರೋಕೋಡ್ (ಚಿಪ್‌ನ ಒಳಗಿನ ಸೂಚನೆಗಳು) ತಿದ್ದುಪಡಿಗಳನ್ನು ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ತಿದ್ದುಪಡಿ ಮುಂದಿನ ಹಾನಿಯನ್ನು ತಡೆಯುತ್ತದೆಯೇ ಹೊರತು ಆಗಿಹೋದ ಹಾನಿಯನ್ನು ಸರಿಪಡಿಸುವುದಿಲ್ಲ. ಆ ಚಿಪ್ ಹಳೆಯ ಬಯಾಸ್‌ನಲ್ಲಿ ಎಷ್ಟು ತಿಂಗಳು ಓಡಿತೆಂದು ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ಮೂಲ ಬಿಲ್ ಮತ್ತು ಪೆಟ್ಟಿಗೆ ಇದ್ದು, ಅದರ ಸರಣಿ ಸಂಖ್ಯೆಗೆ ವಾರಂಟಿ ಉಳಿದಿರುವುದನ್ನು ಇಂಟೆಲ್‌ನ ಜಾಲತಾಣದಲ್ಲಿ ನೀವೇ ಕಣ್ಣಾರೆ ನೋಡಿದ ಮೇಲೆ ಹಣ ಕೊಡಿ.