ಪಟ್ಟಿ ಸರಿಯಾಗಿದೆ, ಲೇಖನ ಇನ್ನೂ ಆಗಿಲ್ಲ

ಪ್ರಿಯ ಲೇಖಕರೇ,

ನೀವು ಕಳಿಸಿದ ‘ಮಹಿಳಾ ಫುಟ್‌ಬಾಲ್: ದೇಶಗಳ ಸಾಧನೆ’ ಬರಹವನ್ನು ನಿಧಾನವಾಗಿ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ನಿಮ್ಮನ್ನು ಕಾಯಿಸುವುದು ಬೇಡ. ಹಾಗಂತ ಎರಡು ಸಾಲಿನ ಉತ್ತರ ಬರೆದು ಮುಗಿಸಲು ಮನಸ್ಸಾಗಲಿಲ್ಲ. ನಿಮ್ಮ ಶ್ರಮ ಎದ್ದು ಕಾಣುತ್ತದೆ. ಈ ವಿಷಯದ ಮೇಲೆ ಕನ್ನಡದಲ್ಲಿ ಒಂದು ಗಟ್ಟಿ ಬರಹ ಬರಬೇಕು ಅನ್ನುವ ಆಸೆ ನನಗೂ ಇದೆ.

1991ರಿಂದ 2023ರವರೆಗಿನ ಒಂಬತ್ತು ವಿಶ್ವಕಪ್, ಒಲಿಂಪಿಕ್ಸ್, ಯೂರೋ, ಏಷ್ಯಾ ಕಪ್, ಆಫ್ರಿಕಾ, ದಕ್ಷಿಣ ಅಮೆರಿಕ, ದಕ್ಷಿಣ ಏಷ್ಯಾದ ಸ್ಯಾಫ್ ಎಲ್ಲವನ್ನೂ ಒಂದೇ ಬರಹದಲ್ಲಿ ತುಂಬಿದ್ದೀರಿ. ಅಂಕಿಗಳನ್ನು ಪರಿಶೀಲಿಸಿದೆ, ಬಹುಪಾಲು ಸರಿಯಾಗಿವೆ. ತೊಂದರೆ ಬೇರೆ ಕಡೆ ಇದೆ. ‘ಗೆದ್ದಿತು’, ‘ಸೋತಿತು’, ‘ಎರಡನೇ ಸ್ಥಾನ ಪಡೆಯಿತು’, ‘ಮೂರನೇ ಸ್ಥಾನಕ್ಕೆ ತೃಪ್ತಿಪಟ್ಟುಕೊಂಡಿತು’. ಪುಟಗಟ್ಟಲೆ ಇದೇ ಕ್ರಿಯಾಪದಗಳು. ಓದುವವರಿಗೆ ನಾರ್ವೆ ಯಾವುದು, ನೈಜೀರಿಯಾ ಯಾವುದು ಅನ್ನುವ ವ್ಯತ್ಯಾಸವೇ ಉಳಿಯುವುದಿಲ್ಲ. ಎಲ್ಲ ದೇಶಗಳೂ ಒಂದೇ ಮುಖ ಹೊತ್ತುಕೊಂಡು ಬಂದು ಹೋಗುತ್ತವೆ.

ನೈಜೀರಿಯಾದಿಂದಲೇ ಶುರು ಮಾಡೋಣ, ಏಕೆಂದರೆ ಅಲ್ಲಿ ನಿಮ್ಮ ಬರಹ ತನ್ನ ಮಾತನ್ನೇ ತಾನು ಅಲ್ಲಗಳೆಯುತ್ತದೆ. ಒಂದು ಕಡೆ ‘12 ಸಲ ಆಫ್ರಿಕಾ ಚಾಂಪಿಯನ್’ ಅಂತ ಬರೆದಿದ್ದೀರಿ. ಆರು ಪ್ಯಾರಾ ದಾಟಿದರೆ ‘10ನೇ ಪ್ರಶಸ್ತಿ’ ಅಂತ ಬರುತ್ತದೆ. ಬೇರೆ ಬೇರೆ ಕಡೆಯಿಂದ ತೆಗೆದುಕೊಂಡಿದ್ದೀರಿ ಅನ್ನುವುದು ಗೊತ್ತಾಗುತ್ತದೆ. ಎರಡಕ್ಕೂ ಆಧಾರ ಇದೆ. ಆದರೆ ಅದು ಏನು ಅಂತ ಓದುಗರಿಗೆ ನೀವು ಹೇಳಿಲ್ಲ. 1991 ಮತ್ತು 1995ರಲ್ಲಿ ಆಫ್ರಿಕಾದಲ್ಲಿ ಎಲ್ಲ ತಂಡಗಳೂ ಒಂದೆಡೆ ಸೇರಿ ಆಡಿದ ಟೂರ್ನಿ ನಡೆಯಲೇ ಇಲ್ಲ. ನಿಮ್ಮೂರಲ್ಲೊಂದು, ನಮ್ಮೂರಲ್ಲೊಂದು ಅನ್ನುವ ಹಾಗೆ ಎರಡೆರಡು ಪಂದ್ಯಗಳನ್ನು ಆಡಿಸಿ, ವಿಶ್ವಕಪ್‌ಗೆ ಹೋಗುವ ತಂಡವನ್ನು ಆರಿಸುತ್ತಿದ್ದರು. ಒಂದು ದೇಶ ಆತಿಥ್ಯ ವಹಿಸಿ ನಡೆಸಿದ ಮೊದಲ ಟೂರ್ನಿ 1998ರದ್ದು. ಆ ಎರಡು ವರ್ಷಗಳನ್ನು ಸೇರಿಸಿದರೆ 12, ಬಿಟ್ಟರೆ 10. ನೈಜೀರಿಯಾದವರೇ 2025ರಲ್ಲಿ ‘ಮಿಷನ್ ಎಕ್ಸ್’ (ರೋಮನ್ ಅಂಕಿಯಲ್ಲಿ ಎಕ್ಸ್ ಅಂದರೆ ಹತ್ತು) ಅಂತ ಹೆಸರಿಟ್ಟುಕೊಂಡು ಹತ್ತನೆಯದಕ್ಕೆ ಹೊರಟರು. ರಬಾತ್‌ನ ಫೈನಲ್‌ನಲ್ಲಿ ಆತಿಥೇಯ ಮೊರಾಕೊ ಎದುರು 0-2ರಿಂದ ಹಿಂದೆ ಬಿದ್ದು, ಕೊನೆಗೆ 3-2ರಿಂದ ಗೆದ್ದರು. ನಿಮ್ಮ ಬರಹದಲ್ಲಿ ಇದು ‘ಮೊರಾಕೊವನ್ನು ಮಣಿಸಿತು’ ಅನ್ನುವ ಎರಡೇ ಪದ. ಎರಡು ಗೋಲು ಹಿಂದೆ ಇದ್ದವರು ಎದುರಾಳಿಯ ತವರಿನ ಪ್ರೇಕ್ಷಕರ ಎದುರು ಮೂರು ಗೋಲು ಹೊಡೆಯುವುದನ್ನು ‘ಮಣಿಸಿತು’ ಅಂತ ಮುಗಿಸಿದರೆ ಓದುವವರಿಗೆ ಮೋಸ, ಅಲ್ವಾ?

ಅಂಕಿ ಹೇಗೆ ಬಂತು ಅನ್ನುವುದನ್ನು ಹೇಳದೆ ಅಂಕಿಯನ್ನು ಮಾತ್ರ ಕೊಟ್ಟಿರುವುದೇ ನಿಮ್ಮ ಬರಹದ ದೊಡ್ಡ ಕೊರತೆ. ಎಷ್ಟು ತಂಡ ಆಡಿದವು? ಯಾರು ಬರಲಿಲ್ಲ? ಟೂರ್ನಿ ನಡೆಸಿದವರು ಯಾರು? 1991ರ ವಿಶ್ವಕಪ್‌ನಲ್ಲಿ ಇದ್ದದ್ದು 12 ತಂಡಗಳು, ಅದರಲ್ಲಿ ಎಂಟು ಕ್ವಾರ್ಟರ್ ಫೈನಲ್‌ಗೆ ಹೋದವು. 2023ರಲ್ಲಿ 32 ತಂಡಗಳು. ‘ಕ್ವಾರ್ಟರ್ ಫೈನಲ್ ತಲುಪಿತು’ ಅನ್ನುವ ಮಾತು ಈ ಎರಡು ವರ್ಷಗಳಲ್ಲಿ ಒಂದೇ ತೂಕದ್ದಲ್ಲ. ಇನ್ನು 1991ರ ದಕ್ಷಿಣ ಅಮೆರಿಕ ಚಾಂಪಿಯನ್‌ಷಿಪ್‌ನಲ್ಲಿ ಬ್ರೆಜಿಲ್, ಚಿಲಿ, ವೆನೆಜುವೆಲಾ ಮೂರೇ ತಂಡ. ಬ್ರೆಜಿಲ್‌ನ ಒಂಬತ್ತು ಪ್ರಶಸ್ತಿಗಳಲ್ಲಿ ಅದೂ ಒಂದು. 2025ರಲ್ಲಿ ಕೊಲಂಬಿಯಾ ಎದುರು 4-4 ಆಗಿ ಪೆನಾಲ್ಟಿಯಲ್ಲಿ ಗೆದ್ದದ್ದೂ ಒಂದು. ಪಟ್ಟಿಯಲ್ಲಿ ಎರಡಕ್ಕೂ ಒಂದೇ ಮನೆ, ಒಂದೇ ಅಳತೆ. ಬರಹದಲ್ಲಿ ಹಾಗಾಗಬಾರದು.

ಭಾರತಕ್ಕೆ ನೀವು ಕೊಟ್ಟಿರುವುದು ಒಂದೇ ವಾಕ್ಯ: ‘ಭಾರತ ಎರಡು ಬಾರಿ ಏಷ್ಯಾ ಕಪ್ ರನ್ನರ್ ಅಪ್ ಆಗಿ, ಬಳಿಕ ಮಂಕಾಯಿತು.’ ಈ ವಾಕ್ಯದ ಮುಂದೆ ತುಂಬಾ ಹೊತ್ತು ಕೂತೆ. ಮೊದಲ ರನ್ನರ್ ಅಪ್ ಸ್ಥಾನ ಬಂದದ್ದು ಕೇರಳದ ಕಲ್ಲಿಕೋಟೆಯಲ್ಲಿ. ಟೂರ್ನಿ ನಡೆದದ್ದು 1980ರ ಜನವರಿಯಲ್ಲಿ, ಆದರೆ ಕೆಲವು ದಾಖಲೆಗಳಲ್ಲಿ ಅದು 1979ರ ಲೆಕ್ಕಕ್ಕೆ ಹೋಗುತ್ತದೆ. ಅಲ್ಲಿ ಭಾರತದಿಂದ ಆಡಿದ್ದು ಒಂದು ತಂಡ ಅಲ್ಲ, ಎರಡು. ‘ಇಂಡಿಯಾ ಎಸ್’ ಮತ್ತು ‘ಇಂಡಿಯಾ ಎನ್’. ಫೈನಲ್‌ಗೆ ಹೋಗಿ ಚೈನೀಸ್ ತೈಪೆಗೆ (ಅಂದರೆ ತೈವಾನ್‌ಗೆ) ಸೋತದ್ದು ‘ಎಸ್’. ಆಸ್ಟ್ರೇಲಿಯಾದ ಕಡೆಯಿಂದ ಬಂದದ್ದು ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ತಂಡ. ಆಗಿನ್ನೂ ಏಷ್ಯಾದ ಮಹಿಳಾ ಫುಟ್‌ಬಾಲ್‌ಗೆ ಬೇರೆಯದೇ ಒಕ್ಕೂಟ ಇತ್ತು, ಈ ಟೂರ್ನಿ ನಡೆಸಿದ್ದು ಅದು. ಚೀನಾ ಈ ಟೂರ್ನಿಗೆ ಮೊದಲು ಬಂದದ್ದು 1986ರಲ್ಲಿ. ಬಂದ ವರ್ಷವೇ ಗೆದ್ದು, 1999ರವರೆಗೆ ಸತತ ಏಳು ಸಲ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ಇದೆಲ್ಲ ಹೇಳಿದರೆ ಆ ಆಟಗಾರ್ತಿಯರ ಸಾಧನೆ ಸಣ್ಣದಾಗುವುದಿಲ್ಲ. ಅವರು ಯಾವ ಕಾಲದಲ್ಲಿ, ಎಂಥ ವ್ಯವಸ್ಥೆಯಲ್ಲಿ ಆಡಿದರು ಅನ್ನುವುದು ಆಗ ತಾನೇ ಕಾಣುತ್ತದೆ.

‘ಮಂಕಾಯಿತು’ ಅನ್ನುವ ಪದವೂ ನನಗೆ ಒಪ್ಪಿಗೆ ಇಲ್ಲ. 2010ರಿಂದ 2019ರವರೆಗೆ ನಡೆದ ಐದೂ ಸ್ಯಾಫ್ ಚಾಂಪಿಯನ್‌ಷಿಪ್‌ಗಳನ್ನು ಗೆದ್ದದ್ದು ಭಾರತ. ಮುಂದಿನ ಎರಡನ್ನು, ಅಂದರೆ 2022 ಮತ್ತು 2024ರದ್ದನ್ನು, ಬಾಂಗ್ಲಾದೇಶ ಗೆದ್ದಿತು. ಎರಡರಲ್ಲೂ ಭಾರತವನ್ನು ಸೆಮಿಫೈನಲ್‌ನಲ್ಲೇ ತಡೆದದ್ದು ನೇಪಾಳ. ಈ ಏಳು ಟೂರ್ನಿಗಳಲ್ಲಿ ಆರರ ಫೈನಲ್ ಆಡಿ ಆರನ್ನೂ ಸೋತ ತಂಡವೂ ನೇಪಾಳವೇ. ನಿಮ್ಮ ಪಟ್ಟಿಯಲ್ಲಿ ನೇಪಾಳದ ಹೆಸರೇ ಇಲ್ಲ, ಏಕೆಂದರೆ ನೀವು ಬರೆದುಕೊಂಡದ್ದು ಗೆದ್ದವರನ್ನು ಮಾತ್ರ.

2022ರ ಏಷ್ಯಾ ಕಪ್ ಬಗ್ಗೆ ‘ಆತಿಥೇಯ ಭಾರತ ಹಿಂದೆ ಸರಿಯಿತು’ ಅಂತ ಬರೆದಿದ್ದೀರಿ. ಓದಿದವರು ಭಾರತವೇ ಬೇಡ ಅಂದುಕೊಂಡು ಬಿಟ್ಟಿತು ಅಂತ ತಿಳಿಯುತ್ತಾರೆ. ನಡೆದದ್ದು ಹಾಗಲ್ಲ. ಇರಾನ್ ಎದುರಿನ ಮೊದಲ ಪಂದ್ಯ 0-0 ಡ್ರಾ ಆಯಿತು. ಆಮೇಲೆ ತಂಡದಲ್ಲಿ ಕೋವಿಡ್ ಹರಡಿ, ಚೈನೀಸ್ ತೈಪೆ ಎದುರು ಆಡಲು ಬೇಕಾದ 13 ಆಟಗಾರ್ತಿಯರೂ ಸಿಗಲಿಲ್ಲ. ನಿಯಮದ ಪ್ರಕಾರ ಭಾರತ ಟೂರ್ನಿಯಿಂದ ಹಿಂದೆ ಸರಿದಂತೆ ಅಂತ ತೀರ್ಮಾನವಾಯಿತು. ಆಡಿ ಮುಗಿಸಿದ್ದ ಇರಾನ್ ಪಂದ್ಯದ ಫಲಿತಾಂಶವೂ ರದ್ದಾಯಿತು. ತವರಿನಲ್ಲಿ, ಮೈದಾನಕ್ಕಿಳಿದು, ಒಂದು ಪಾಯಿಂಟ್ ಗಳಿಸಿದ ತಂಡದ ಲೆಕ್ಕ ಅಂಕಪಟ್ಟಿಯಿಂದಲೇ ಅಳಿಸಿಹೋಯಿತು. ದಾಖಲೆಯಲ್ಲಿ ಖಾಲಿ ಇರುವ ಒಂದು ಮನೆಯ ಹಿಂದೆ ಇಷ್ಟೆಲ್ಲ ಇದೆ.

ನಿಮಗೆ ಒಂದು ದಾರಿ ತೋರಿಸುತ್ತೇನೆ. ಭಾರತದ ಎರಡನೇ ರನ್ನರ್ ಅಪ್ ಸ್ಥಾನ ಬಂದದ್ದು 1983ರಲ್ಲಿ, ಬ್ಯಾಂಕಾಕ್‌ನಲ್ಲಿ. ಫೈನಲ್‌ನಲ್ಲಿ ಸೋತದ್ದು ಥಾಯ್ಲೆಂಡ್‌ಗೆ. 2025ರ ಜುಲೈನಲ್ಲಿ ಅದೇ ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ನಲ್ಲಿ, ಅದೇ ಥಾಯ್ಲೆಂಡ್ ತಂಡವನ್ನು ಭಾರತ 2-1ರಿಂದ ಸೋಲಿಸಿತು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದ್ದು. ಅರ್ಹತಾ ಸುತ್ತು ದಾಟಿ ಭಾರತ ಏಷ್ಯಾ ಕಪ್‌ಗೆ ಹೋದದ್ದು ಅದೇ ಮೊದಲು. ಸೋತ ಥಾಯ್ಲೆಂಡ್ 2015 ಮತ್ತು 2019ರಲ್ಲಿ ವಿಶ್ವಕಪ್ ಆಡಿದ ತಂಡ. ಈ ಎರಡು ಪಂದ್ಯಗಳ ನಡುವೆ ಬರೋಬ್ಬರಿ 42 ವರ್ಷ ಇದೆ. ಆ ಅವಧಿಯಲ್ಲಿ ಎರಡು ದೇಶಗಳು ಮಹಿಳಾ ಫುಟ್‌ಬಾಲ್‌ಗೆ ಏನು ಮಾಡಿದವು, ಏನು ಮಾಡಲಿಲ್ಲ ಅಂತ ಹುಡುಕಿ ಬರೆದರೆ ಅದೇ ಒಂದು ಪೂರ್ತಿ ಲೇಖನ.

ಈಗ ಭಾಷೆಯ ವಿಷಯ. ‘ಬಲಿಷ್ಠ ಅಮೆರಿಕ’, ‘ಅಜೇಯ ಜರ್ಮನಿ’, ‘ಕಾಲ್ಚೆಂಡಿನ ಸಿಂಹಿಣಿಯರು’. ಇವನ್ನು ಪೂರ್ತಿ ತೆಗೆಯಿರಿ. ವಿಶೇಷಣದ ಜಾಗದಲ್ಲಿ ಕಾರಣ ಬರಲಿ. ಅಮೆರಿಕ ನಾಲ್ಕು ವಿಶ್ವಕಪ್, ಐದು ಒಲಿಂಪಿಕ್ ಚಿನ್ನ ಗೆದ್ದದ್ದು ಸುಮ್ನೆ ಅಲ್ಲ. ಶಿಕ್ಷಣದಲ್ಲಿ ಹೆಣ್ಣು ಗಂಡು ಭೇದ ಮಾಡಬಾರದು ಅನ್ನುವ ‘ಟೈಟಲ್ ನೈನ್’ ಕಾನೂನು ಅಲ್ಲಿ ಬಂದದ್ದು 1972ರಲ್ಲಿ. ಆಮೇಲೆ ಶಾಲೆ ಕಾಲೇಜುಗಳಲ್ಲಿ ಹುಡುಗಿಯರ ತಂಡಗಳು ಬೆಳೆದವು. ಬೇರೆ ಕಡೆ ಏನಾಗಿತ್ತು ನೋಡಿ. ಇಂಗ್ಲೆಂಡ್‌ನ ಫುಟ್‌ಬಾಲ್ ಸಂಸ್ಥೆ 1921ರಲ್ಲಿ ತನ್ನ ಕ್ಲಬ್‌ಗಳ ಮೈದಾನದಲ್ಲಿ ಹೆಂಗಸರು ಆಡಬಾರದು ಅಂದಿತು, ಅದು ಸುಮಾರು 50 ವರ್ಷ ನಡೆಯಿತು. ಬ್ರೆಜಿಲ್‌ನಲ್ಲಿ 1941ರಿಂದ 1979ರವರೆಗೆ ಸರ್ಕಾರವೇ ನಿಷೇಧ ಹೇರಿತ್ತು. ಪಶ್ಚಿಮ ಜರ್ಮನಿಯ ಸಂಸ್ಥೆ 1955ರಿಂದ 1970ರವರೆಗೆ ಬಾಗಿಲು ಹಾಕಿತ್ತು. ನಿಮ್ಮ ಪಟ್ಟಿಯ ಪಕ್ಕದಲ್ಲಿ ಈ ಇಸವಿಗಳನ್ನು ಇಟ್ಟರೆ ಇಡೀ ಪಟ್ಟಿಯನ್ನೇ ಬೇರೆ ಥರ ಓದಬೇಕಾಗುತ್ತದೆ.

ಜರ್ಮನಿ ಎಂಟು ಸಲ ಯೂರೋ ಗೆದ್ದಿದೆ. ಮೊದಲನೆಯದು 1989ರಲ್ಲಿ, ಓಸ್ನಾಬ್ರುಕ್‌ನಲ್ಲಿ, ನಾರ್ವೆ ಎದುರು 4-1ರಿಂದ. ಆ ಗೆಲುವಿಗೆ ಆಟಗಾರ್ತಿಯರಿಗೆ ಅವರ ಸಂಸ್ಥೆ ಕೊಟ್ಟ ಬಹುಮಾನ ಏನು ಗೊತ್ತಾ? ಕಾಫಿ ಕುಡಿಯುವ ಪಿಂಗಾಣಿ ಸೆಟ್. ಯುರೋಪಿನ ಚಾಂಪಿಯನ್ನರ ಕೈಗೆ ಕಪ್ಪು ಬಸಿಗಳು. ಇದನ್ನೊಂದು ಸಾಲಿನಲ್ಲಿ ಹೇಳಿದರೆ ಸಾಕು, ‘ಅನೇಕ ಅಡೆತಡೆಗಳ ನಡುವೆಯೂ’ ಅಂತ ನೀವು ನಾಲ್ಕು ಕಡೆ ಬರೆದಿರುವುದು ಬೇಕಾಗುವುದಿಲ್ಲ.

‘ಗಂಡಸರಿಗೇನೂ ಕಡಿಮೆಯಿಲ್ಲ’ ಅನ್ನುವ ಮಾತು ಪದೇ ಪದೇ ಬರುತ್ತದೆ. ನಿಮ್ಮ ಉದ್ದೇಶ ಒಳ್ಳೆಯದೇ. ಆದರೆ ಪ್ರತಿ ಸಲ ಹಾಗೆ ಬರೆದಾಗ ಅಳತೆಗೋಲು ಗಂಡಸರ ಕೈಯಲ್ಲೇ ಉಳಿಯುತ್ತದೆ. ಬ್ರೆಜಿಲ್‌ನ ಮಾರ್ತಾ ಬಗ್ಗೆ ಬರೆಯುವಾಗ ಪೆಲೆಯ ಹೆಸರು ಯಾಕೆ ಬೇಕು? ಐದು ಬೇರೆ ಬೇರೆ ವಿಶ್ವಕಪ್‌ಗಳಲ್ಲಿ ಗೋಲು, ಒಟ್ಟು 17. ಹಾಗಿದ್ದೂ ಬ್ರೆಜಿಲ್ ಒಂದು ಸಲವೂ ವಿಶ್ವಕಪ್ ಗೆದ್ದಿಲ್ಲ. 2007ರ ಫೈನಲ್‌ನಲ್ಲಿ ಅವರು ಎದುರಿಸಿದ ಜರ್ಮನಿ ಇಡೀ ಟೂರ್ನಿಯಲ್ಲಿ ಒಂದೇ ಒಂದು ಗೋಲು ಬಿಟ್ಟುಕೊಟ್ಟಿರಲಿಲ್ಲ. ಆ ಕಥೆ ಯಾರ ಹೆಸರಿನ ಆಸರೆಯೂ ಇಲ್ಲದೆ ನಿಲ್ಲುತ್ತದೆ.

ನಿಮ್ಮ ಪಟ್ಟಿ 1991ರಿಂದ ಶುರುವಾಗುತ್ತದೆ. ಫಿಫಾ ಲೆಕ್ಕದಲ್ಲಿ ಅದು ಸರಿ. ಆದರೆ 1971ರಲ್ಲಿ ಮೆಕ್ಸಿಕೋ ನಗರದ ಅಜ್ಟೆಕಾ ಮೈದಾನದಲ್ಲಿ, ಒಂದು ಲಕ್ಷದಷ್ಟು ಜನರ ಎದುರು, ಮಹಿಳೆಯರ ವಿಶ್ವ ಟೂರ್ನಿಯೊಂದರ ಫೈನಲ್‌ನಲ್ಲಿ ಡೆನ್ಮಾರ್ಕ್ ಆತಿಥೇಯರನ್ನು 3-0ರಿಂದ ಸೋಲಿಸಿತ್ತು. ಮೂರೂ ಗೋಲು ಹೊಡೆದ ಸುಸಾನ್ ಆಗಸ್ಟೆಸೆನ್‌ಗೆ ಆಗ 15 ವರ್ಷ. ಫಿಫಾ ಇದನ್ನು ವಿಶ್ವಕಪ್ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನೀವೂ ಪಟ್ಟಿಗೆ ಸೇರಿಸಬೇಕಾಗಿಲ್ಲ, ಆದರೆ ‘ಮಹಿಳಾ ವಿಶ್ವ ಫುಟ್‌ಬಾಲ್ 1991ರಲ್ಲಿ ಹುಟ್ಟಿತು’ ಅನ್ನುವ ವಾಕ್ಯ ಹೋಗಲೇಬೇಕು.

ಎಲ್ಲಕ್ಕಿಂತ ಜಾಸ್ತಿ ನನಗೆ ಬೇಸರವಾದದ್ದು ಸ್ವೀಡನ್ ವಿಷಯದಲ್ಲಿ. ‘ವಿಶ್ವಕಪ್: 0’ ಅಂತ ಬರೆದು ಮುಂದಕ್ಕೆ ಹೋಗಿದ್ದೀರಿ. ಒಂಬತ್ತೂ ವಿಶ್ವಕಪ್ ಆಡಿದ ತಂಡ ಅದು. 1991, 2011, 2019, 2023ರಲ್ಲಿ ಮೂರನೇ ಸ್ಥಾನ. 2003ರಲ್ಲಿ ಫೈನಲ್‌ಗೆ ಹೋಗಿ, ಹೆಚ್ಚುವರಿ ಸಮಯದಲ್ಲಿ ಜರ್ಮನಿಯ ನಿಯಾ ಕುಂಜರ್ ಹೊಡೆದ ‘ಗೋಲ್ಡನ್ ಗೋಲ್’ನಿಂದ ಸೋತರು. ಗೋಲು ಬಿದ್ದ ಕ್ಷಣಕ್ಕೆ ಪಂದ್ಯ ಮುಗಿಯುವ ಆ ನಿಯಮ ಈಗ ಇಲ್ಲ. ಎರಡು ಒಲಿಂಪಿಕ್ಸ್‌ಗಳಲ್ಲಿ ಬೆಳ್ಳಿ. ಗೆದ್ದ ದೊಡ್ಡ ಪ್ರಶಸ್ತಿ ಅಂದರೆ 1984ರ ಮೊದಲ ಯೂರೋ ಒಂದೇ. 2023ರಲ್ಲಿ ಮೆಲ್ಬರ್ನ್‌ನಲ್ಲಿ ಅಮೆರಿಕವನ್ನು ಮನೆಗೆ ಕಳಿಸಿದವರೂ ಇವರೇ. 120 ನಿಮಿಷ ಗೋಲಿಲ್ಲ. ಗೋಲ್‌ಕೀಪರ್ ಜೆಸಿರಾ ಮುಸೊವಿಚ್ ಒಂದರ ಹಿಂದೊಂದು ಶಾಟ್ ತಡೆದರು. ಶೂಟೌಟ್‌ನಲ್ಲಿ ಲೀನಾ ಹುರ್ಟಿಗ್ ಒದ್ದ ಚೆಂಡನ್ನು ಅಮೆರಿಕದ ಕೀಪರ್ ಅಲಿಸಾ ನೇಯರ್ ಮೇಲಕ್ಕೆ ತಳ್ಳಿ ಮತ್ತೆ ಹೊರಗೆ ಹೊಡೆದರು. ತಡೆದೆ ಅಂತಲೇ ಅವರು ನಂಬಿದ್ದರು. ಗೋಲು ಗೆರೆಯ ತಂತ್ರಜ್ಞಾನ ಚೆಂಡು ಕೂದಲೆಳೆಯಷ್ಟು ಒಳಗೆ ಹೋಗಿದೆ ಅಂತ ತೋರಿಸಿತು. ಅದಕ್ಕೂ ಮುಂಚಿನ ಎಂಟು ವಿಶ್ವಕಪ್‌ಗಳಲ್ಲಿ ಮೊದಲ ಮೂರು ಸ್ಥಾನಗಳಿಂದ ಅಮೆರಿಕ ಯಾವತ್ತೂ ಕೆಳಗಿಳಿದಿರಲಿಲ್ಲ. ದಾಖಲೆಯಲ್ಲಿ ಮಾತ್ರ ಈ ಪಂದ್ಯ ಡ್ರಾ, ಏಕೆಂದರೆ ಶೂಟೌಟ್‌ನ ಫಲಿತಾಂಶ ಗೆಲುವು ಸೋಲಿನ ಲೆಕ್ಕಕ್ಕೆ ಸೇರುವುದಿಲ್ಲ. ನಿಮ್ಮ ಪಟ್ಟಿಯಲ್ಲಿ 1999ರ ಅಮೆರಿಕ–ಚೀನಾ ಫೈನಲ್ ಅನ್ನು ಗೆಲುವು ಅಂತ ಎಣಿಸಿ, ಇದನ್ನು ಡ್ರಾ ಅಂತ ಎಣಿಸಿದ್ದೀರಿ. ಎರಡೂ ಶೂಟೌಟ್‌ಗಳೇ. ಯಾವುದಾದರೂ ಒಂದು ಪದ್ಧತಿ ಹಿಡಿದುಕೊಳ್ಳಿ.

ಇಸವಿಗಳಲ್ಲೂ ಎಚ್ಚರ ಬೇಕು. 2020ರ ಒಲಿಂಪಿಕ್ಸ್ ನಡೆದದ್ದು 2021ರಲ್ಲಿ, ಆಫ್ರಿಕಾದ 2024ರ ಟೂರ್ನಿ ನಡೆದದ್ದು 2025ರಲ್ಲಿ. ಹೆಸರಿನ ವರ್ಷವೋ ಆಡಿದ ವರ್ಷವೋ, ಒಂದು ಕಡೆ ಸ್ಪಷ್ಟವಾಗಿ ಹೇಳಿ. ‘ಫುಟ್‌ಬಾಲ್ ಜಗತ್ತಿನ ಅತ್ಯಂತ ಜನಪ್ರಿಯ ಕ್ರೀಡೆ’ ಅನ್ನುವ ಮೊದಲ ಪ್ಯಾರಾ ಬೇಡವೇ ಬೇಡ.

ಇಡೀ ಜಗತ್ತನ್ನು ಹೊರುವ ಕೆಲಸ ಈಗ ಬಿಡಿ. ಸ್ವೀಡನ್ ತೆಗೆದುಕೊಳ್ಳಿ, ಇಲ್ಲವೇ ಭಾರತ–ಥಾಯ್ಲೆಂಡ್ ತೆಗೆದುಕೊಳ್ಳಿ. ನೇಪಾಳದ ಆರು ಫೈನಲ್‌ಗಳ ಬಗ್ಗೆ ಬರೆಯುತ್ತೀರಾದರೆ ನನಗೆ ಇನ್ನೂ ಸಂತೋಷ, ಅದನ್ನು ಕನ್ನಡದಲ್ಲಿ ನಾನು ಎಲ್ಲೂ ಓದಿಲ್ಲ. 1,200 ಪದಗಳ ಒಳಗಿರಲಿ. ಒಂದು ಪಂದ್ಯವನ್ನಾದರೂ ಹತ್ತಿರದಿಂದ ತೋರಿಸಿ: ಯಾವ ನಿಮಿಷ, ಯಾರ ಕಾಲು, ಆಮೇಲೆ ಏನಾಯಿತು. ಪಟ್ಟಿಯನ್ನು ಎಸೆಯಬೇಡಿ, ಅದನ್ನು ಬೇರೆ ಫೈಲ್ ಮಾಡಿ ಜೊತೆಗೆ ಕಳಿಸಿ. ಪ್ರತಿ ಸಾಲಿನ ಎದುರು ಆ ವರ್ಷ ಎಷ್ಟು ತಂಡ ಆಡಿದವು ಅಂತ ಒಂದು ಕಾಲಂ ಸೇರಿಸಿ. ಲೇಖನದ ಪಕ್ಕದಲ್ಲಿ ಅದನ್ನು ಬಾಕ್ಸ್ ಮಾಡಿ ಹಾಕುತ್ತೇವೆ.

ಇಂತಿ,
ಸಂಪಾದಕ